ಗುಂಡಿ ಒತ್ತಿದರೆ ಸಾಕೇ?

ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವವರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಿಲ್ಡ್‌ನ, ಅಂದರೆ ಬರೆದ ಕೋಡನ್ನು ಬಳಕೆದಾರರ ಕೈಗೆ ಕೊಡುವ ಪ್ರೋಗ್ರಾಮನ್ನಾಗಿ ಕಟ್ಟುವ ಕೆಲಸದ, ಬಾಗಿಲಿಗೇ ಬಂದು ನಿಲ್ಲುತ್ತದೆ. ಈ ಸಲ ಅದನ್ನು ಅಲ್ಲಿಗೆ ಎಳೆದು ತಂದವನು ಆತುರರಾಯ. ಅವನ ಎದುರಿಗಿದ್ದವನು ಸಂಶಯಪ್ಪ. ಪಕ್ಕದಲ್ಲಿದ್ದವರು ಇನ್‌ಸ್ಟಾಲರ್‌ಗಳ ಸಹವಾಸದಲ್ಲೇ ತಲೆಗೂದಲು ನೆರೆಸಿಕೊಂಡ ದೊಡ್ಡಕ್ಕ. ಇವು ಹೆತ್ತವರು ಇಟ್ಟ ಹೆಸರುಗಳಲ್ಲ, ಗುಣ ನೋಡಿ ಗುಂಪು ದಯಪಾಲಿಸಿದ ಬಿರುದುಗಳು. ನಾಲ್ಕನೆಯವನಾದ ನನಗೂ ಒಂದು ಬಿರುದುಂಟು. ಅದನ್ನು ಇಲ್ಲಿ ಹೇಳುವ ಅಗತ್ಯ ಕಾಣುವುದಿಲ್ಲ.

"ನಮಗೆ ಬೇಕಾದದ್ದು ಒಂದೇ ಒಂದು ಗುಂಡಿ" ಎಂದು ಆತುರರಾಯ ಘೋಷಿಸಿದ. "ಅದನ್ನು ಒತ್ತಿದ ಕೂಡಲೇ ಕೋಡ್ ಕಂಪೈಲ್ ಆಗಿ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬರಬೇಕು, ಪರೀಕ್ಷೆಗಳು ನಡೆಯಬೇಕು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇನ್‌ಸ್ಟಾಲರ್ ತಯಾರಾಗಬೇಕು, ಅದು ಬಳಕೆದಾರರ ಕಂಪ್ಯೂಟರಿಗೆ ತಾನಾಗಿಯೇ ಹೋಗಿ ಕೂರಬೇಕು. ಇದಕ್ಕೆ ವಿನ್ಯಾಸ, ಚರ್ಚೆ, ಸಭೆ ಎಂದು ಕಾಲ ಕಳೆಯುವುದೇಕೆ?"

"ಆ ಗುಂಡಿ ಯಾರ ಕಂಪ್ಯೂಟರಿನಲ್ಲಿರುತ್ತದೆ?" ಎಂದು ಸಂಶಯಪ್ಪ ಕೇಳಿದ.

"ಸದ್ಯಕ್ಕೆ ನನ್ನದರಲ್ಲಿ."

"ಹಾಗಾದರೆ ನಿನಗೆ ಜ್ವರ ಬಂದ ದಿನ ರಿಲೀಸ್ ಕೂಡ ಮಲಗಿಕೊಳ್ಳುತ್ತದೆ ಎಂದಾಯಿತು."

ಸಂಶಯಪ್ಪನ ಸಂಶಯಗಳಲ್ಲಿ ಹೆಚ್ಚಿನವು ಬರೀ ಕೊಂಕು. ಇದು ಮಾತ್ರ ಹಾಗಲ್ಲ. ಬರೆಯುವವನ ಕಂಪ್ಯೂಟರು ಎಂದರೆ ಎಂದೋ ಯಾವುದೋ ಕಾರಣಕ್ಕೆ ಹಾಕಿಕೊಂಡ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡು), ಕೈಯಾರೆ ತಿದ್ದಿದ ಸೆಟ್ಟಿಂಗ್‌ಗಳು, ಎರಡು ಮೂರು ತಲೆಮಾರಿನ ಕಂಪೈಲರ್‌ಗಳು ಒಟ್ಟಿಗೆ ಬಾಳುತ್ತಿರುವ ಅವಿಭಕ್ತ ಕುಟುಂಬ. ಅಲ್ಲಿ ಸಲೀಸಾಗಿ ನಡೆಯುವ ಬಿಲ್ಡ್ ಹೊಸ ಯಂತ್ರಕ್ಕೆ ಹೋದೊಡನೆ ಮುಖ ತಿರುಗಿಸುತ್ತದೆ. ತಾನು ಕಂಡ ಒಂದು ಬಿಲ್ಡ್ ಸ್ಕ್ರಿಪ್ಟಿನ ದೋಷಸಂದೇಶವನ್ನು ಸಂಶಯಪ್ಪ ಅಕ್ಷರಶಃ ಒಪ್ಪಿಸಿದ: ಡಿ ಡ್ರೈವಿನಲ್ಲಿ, ‘ಹೊಸದು’ ಎಂಬ ಫೋಲ್ಡರಿನೊಳಗೆ, ‘ಹೊಸದು ಫೈನಲ್’ ಎಂಬ ಫೋಲ್ಡರಿನೊಳಗೆ, ‘ಇದೇ ನಿಜವಾದ ಫೈನಲ್’ ಎಂಬ ಫೋಲ್ಡರಿನಲ್ಲಿರಬೇಕಾದ ಫೈಲು ಸಿಗುತ್ತಿಲ್ಲ. ಆ ಫೋಲ್ಡರುಗಳನ್ನು ಸೃಷ್ಟಿಸಿದ ಪುಣ್ಯಾತ್ಮ ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಗಿತ್ತಂತೆ.

"ಅಷ್ಟು ಆಳಕ್ಕೆ ಇನ್ನೆರಡು ಫೋಲ್ಡರು ಸೇರಿಸಿದ್ದರೆ 260 ಅಕ್ಷರಗಳ ಮಿತಿಯೂ ದಾಟುತ್ತಿತ್ತು" ಎಂದರು ದೊಡ್ಡಕ್ಕ. ವಿಂಡೋಸ್‌ನಲ್ಲಿ ಫೈಲಿನ ಪೂರ್ಣ ವಿಳಾಸಕ್ಕೆ ಬಹುಕಾಲದಿಂದ ಇರುವ ಮಿತಿಯದು. ಈಚಿನ ಆವೃತ್ತಿಗಳಲ್ಲಿ ಅದನ್ನು ಸಡಿಲಿಸಿಕೊಳ್ಳಬಹುದಾದರೂ ಹಳೆಯ ಉಪಕರಣಗಳು ಇಂದಿಗೂ ಅಲ್ಲಿಯೇ ಎಡವುತ್ತವೆ.

ಹೀಗಾಗಿ ಮೊದಲ ನಿರ್ಣಯ ಬೇಗ ಆಯಿತು. ಬಿಲ್ಡ್ ನಡೆಯುವ ಯಂತ್ರ ಪ್ರತಿ ಸಲವೂ ಖಾಲಿ ಸ್ಥಿತಿಯಿಂದ ಹೊರಡಬೇಕು. ಯಾವ ಕಂಪೈಲರ್, ಯಾವ ಲೈಬ್ರರಿ, ಅವುಗಳ ಯಾವ ಆವೃತ್ತಿ ಎಂಬುದೆಲ್ಲ ಕೋಡಿನ ಜೊತೆಗೇ ಬರೆದಿರಬೇಕು. ಕೈಯಿಂದ ಮಾಡುವ ಕೆಲಸ ಒಂದೂ ಇರಬಾರದು. "ಸದ್ಯಕ್ಕೆ ಒಂದೆರಡು ಇರಲಿ, ಆಮೇಲೆ ಸರಿಮಾಡೋಣ" ಎಂದು ಆತುರರಾಯ ಬೇಡಿಕೊಂಡಾಗ ದೊಡ್ಡಕ್ಕ ಮೇಕ್ ಎಂಬ ಬಿಲ್ಡ್ ಉಪಕರಣದ ಕಥೆ ತೆಗೆದರು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಅದನ್ನು ಬರೆದಾಗ, ಆಜ್ಞೆಯ ಸಾಲು, ಕಣ್ಣಿಗೆ ಮಾಮೂಲಿ ಖಾಲಿಜಾಗದಂತೆಯೇ ಕಾಣುವ ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕು ಎಂಬ ನಿಯಮ ಅದರಲ್ಲಿ ಸೇರಿಕೊಂಡಿತು. ಅದು ತೊಂದರೆಯ ನಿಯಮ ಎಂದು ಕೆಲವೇ ವಾರಗಳಲ್ಲಿ ಗೊತ್ತಾದರೂ, ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಬಳಕೆದಾರರು ಇದ್ದುದರಿಂದ ಅವರಿಗೆ ಅಡಚಣೆಯಾಗಬಾರದೆಂದು ಫೆಲ್ಡ್‌ಮನ್ ಅದನ್ನು ಹಾಗೆಯೇ ಬಿಟ್ಟರು.

"ಆ ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ನಾನು ಕಳೆದ ವಾರವೂ ಟ್ಯಾಬ್ ಹುಡುಕುತ್ತಾ ಕುಳಿತಿದ್ದೆ" ಎಂದು ಸಂಶಯಪ್ಪ ನಿಟ್ಟುಸಿರುಬಿಟ್ಟ. ಆತುರರಾಯ ‘ಸದ್ಯಕ್ಕೆ’ ಎಂಬ ಪದವನ್ನು ಹಿಂತೆಗೆದುಕೊಂಡ.

ಲಿನಕ್ಸ್‌ನ ವಿಷಯವನ್ನು ನಾವು ಬೇಗ ಮುಗಿಸಿದೆವು: ಬೆಂಬಲಿಸಬೇಕಾದ ವಿತರಣೆಗಳಲ್ಲಿ (ಲಿನಕ್ಸ್‌ನ ಬಗೆಬಗೆಯ ರೂಪಗಳಲ್ಲಿ) ಅತ್ಯಂತ ಹಳೆಯದರ ಮೇಲೆ ಬಿಲ್ಡ್ ಮಾಡಬೇಕು, ಏಕೆಂದರೆ ಹೊಸ ಜಿಲಿಬ್‌ಸಿ (ಲಿನಕ್ಸ್ ಪ್ರೋಗ್ರಾಮುಗಳು ನೆಚ್ಚುವ ಮೂಲ ಲೈಬ್ರರಿ) ಮೇಲೆ ಕಟ್ಟಿದ ಪ್ರೋಗ್ರಾಮ್ ಹಳೆಯದರ ಮೇಲೆ ಏಳದೇ ಹೋಗಬಹುದು. ಡೆಬ್, ಆರ್‌ಪಿಎಂ, ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್ ಎಂಬ ಪ್ಯಾಕೇಜು ಪದ್ಧತಿಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ನಮ್ಮ ಸ್ನೇಹ ಉಳಿಯುತ್ತಿರಲಿಲ್ಲ.

ಆತುರರಾಯ ಮುಂದೆ ಸಹಿಯ, ಅಂದರೆ ಪ್ರೋಗ್ರಾಮ್ ನಮ್ಮಿಂದಲೇ ಬಂದದ್ದೆಂದು ಸಾರುವ ಡಿಜಿಟಲ್ ಗುರುತಿನ, ಮಾತಿಗೆ ಬಂದ. ಸಹಿ ಹಾಕುವ ರಹಸ್ಯ ಕೀಲಿಯನ್ನು ಬಿಲ್ಡ್ ಸರ್ವರಿನ ಒಂದು ಫೋಲ್ಡರಿನಲ್ಲಿ ಇಟ್ಟುಬಿಟ್ಟರೆ ಕೆಲಸ ಸುಲಭವಾಗುತ್ತದೆ ಎಂಬುದು ಅವನ ಯೋಜನೆ. 2023ರ ಜೂನ್‌ನಿಂದೀಚೆಗೆ ಅಂಥ ಕೀಲಿಗಳು ಹೊರತೆಗೆಯಲಾಗದಂತೆ ಪ್ರಮಾಣೀಕೃತ ಹಾರ್ಡ್‌ವೇರಿನಲ್ಲೇ ಇರಬೇಕೆಂಬ ನಿಯಮ ಬಂದಿದೆ ಎಂದು ದೊಡ್ಡಕ್ಕ ತಿಳಿಸಿದರು. ಜೊತೆಗೆ, ಸಹಿಯ ಮೇಲೆ ನಂಬಲರ್ಹ ಸರ್ವರಿನಿಂದ ಸಮಯದ ಮುದ್ರೆ ಹಾಕಿಸದಿದ್ದರೆ, ಸಹಿಗೆ ಆಧಾರವಾದ ಸರ್ಟಿಫಿಕೇಟಿನ ಅವಧಿ ಮುಗಿದ ದಿನವೇ ಹಿಂದಿನ ಇನ್‌ಸ್ಟಾಲರ್‌ಗಳೆಲ್ಲ ಅಪರಿಚಿತರಾಗಿಬಿಡುತ್ತವೆ. ಮ್ಯಾಕ್‌ಗೆ ಸಹಿಯೊಂದೇ ಸಾಲದು. ಪ್ರೋಗ್ರಾಮನ್ನು ಆಪಲ್‌ಗೆ ಕಳುಹಿಸಿ, ಕೇಡಿನ ಕೋಡಿಗಾಗಿ ತಪಾಸಣೆ ಮಾಡಿಸಿ, ನೋಟರೈಸ್ (ದೃಢೀಕರಣ) ಮಾಡಿಸಿಕೊಳ್ಳಬೇಕು. ಅಂದರೆ ನಮ್ಮ ಗುಂಡಿ ಇನ್ನೊಬ್ಬರ ಸರ್ವರಿನ ಉತ್ತರಕ್ಕಾಗಿ ಕಾಯಬೇಕು, ಉತ್ತರ ಬಾರದಿದ್ದರೆ ಮತ್ತೆ ಕೇಳಬೇಕು, ಎಲ್ಲವನ್ನೂ ಮೊದಲಿನಿಂದ ಕಂಪೈಲ್ ಮಾಡದೆ ನಿಂತಲ್ಲಿಂದ ಮುಂದುವರಿಯಬೇಕು.

"ಸಹಿ ಬಿತ್ತೆಂದರೆ ನಿಶ್ಚಿಂತೆ ತಾನೇ?" ಎಂದ ಆತುರರಾಯ.

"2020ರಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣದಲ್ಲಿ ಸಹಿ ಅಸಲಿಯಾಗಿಯೇ ಇತ್ತು" ಎಂದ ಸಂಶಯಪ್ಪ. "ಕೇಡಿಗರು ನುಗ್ಗಿದ್ದು ಬಿಲ್ಡ್ ವ್ಯವಸ್ಥೆಯೊಳಕ್ಕೆ. ಕಂಪೈಲ್ ಆಗುವ ಹೊತ್ತಿಗೆ ಕೋಡನ್ನು ಬದಲಿಸಿದರು. ಹೊರಬಂದದ್ದಕ್ಕೆ ಕಂಪನಿಯ ಸ್ವಂತ ಸಹಿ ತಾನಾಗಿಯೇ ಬಿತ್ತು. ಸಹಿ ಹೇಳುವುದು ಯಾರು ಕಳುಹಿಸಿದರು ಎಂಬುದನ್ನಷ್ಟೇ. ಒಳಗೇನಿದೆ ಎಂದು ಅದನ್ನು ಕೇಳಬೇಡ."

ಇದಕ್ಕೆ ಪರಿಹಾರವಾಗಿ, ಒಂದೇ ಕೋಡನ್ನು ಬೇರೆ ಬೇರೆ ಎರಡು ಯಂತ್ರಗಳಲ್ಲಿ ಬಿಲ್ಡ್ ಮಾಡಿ, ಫಲಿತಾಂಶ ಬೈಟ್ ಬೈಟ್ ಹೊಂದುತ್ತದೆಯೇ ಎಂದು ನೋಡಿದ ಮೇಲೆಯೇ ಸಹಿ ಹಾಕಬೇಕು ಎಂದು ನಾನು ಸೂಚಿಸಿದೆ. ಸೂಚಿಸುವುದು ಸುಲಭ, ಆದರೆ ಫೈಲುಗಳೊಳಗೆ ಬಿಲ್ಡ್ ಆದ ಗಳಿಗೆಯೂ ಫೋಲ್ಡರಿನ ವಿಳಾಸವೂ ನುಸುಳಿಕೊಳ್ಳುವುದರಿಂದ ಏನೂ ಬದಲಾಗದಿದ್ದರೂ ಎರಡು ಬಿಲ್ಡ್‌ಗಳು ಒಂದೇ ಆಗುವುದಿಲ್ಲ. ಸೋರ್ಸ್ ಡೇಟ್ ಈಪಾಕ್ ಎಂಬ ಪರಿಸರ ಚರ (ಬಿಲ್ಡ್‌ಗೆ ಹೊರಗಿನಿಂದ ಕೊಡುವ ಬೆಲೆ) ಹುಟ್ಟಿದ್ದೇ ಆ ಗಳಿಗೆಯನ್ನು ಎಲ್ಲರಿಗೂ ಒಂದೇ ಮಾಡುವುದಕ್ಕಾಗಿ.

ಆತುರರಾಯ ಈಗ ಆವೃತ್ತಿ ಸಂಖ್ಯೆಗೆ ಹಾರಿದ. ವರ್ಷವನ್ನೇ ಮೊದಲ ಅಂಕಿಯಾಗಿಸಿ 2025.1 ಎಂದು ಹೆಸರಿಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ ಎಂದ. ವಿಂಡೋಸ್‌ನ ಎಂಎಸ್‌ಐ ಎಂಬ ಇನ್‌ಸ್ಟಾಲರ್ ಪದ್ಧತಿಯಲ್ಲಿ ಮೊದಲ ಅಂಕಿ 255ನ್ನು ಮೀರುವಂತಿಲ್ಲ ಎಂದರು ದೊಡ್ಡಕ್ಕ.

"ಮೂರನೆಯ ಶತಮಾನದಲ್ಲಿ ಹುಟ್ಟಿದ್ದರೆ ನಿನ್ನ ಯೋಜನೆ ನಡೆಯುತ್ತಿತ್ತು" ಎಂದು ಸಂಶಯಪ್ಪ ಸಮಾಧಾನ ಹೇಳಿದ.

"ಹೋಗಲಿ, ನಾಲ್ಕನೆಯ ಅಂಕಿಯನ್ನು ಪ್ರತಿ ಬಿಲ್ಡ್‌ಗೂ ಹೆಚ್ಚಿಸುತ್ತಾ ಹೋಗೋಣ."

"ನಾಲ್ಕನೆಯದನ್ನು ಅದು ನೋಡುವುದೇ ಇಲ್ಲ. ಮೊದಲ ಮೂರು ಒಂದೇ ಆಗಿದ್ದರೆ, ನಿನ್ನ ಹೊಸದು ಹೊಸದೆಂದು ಅದಕ್ಕೆ ಗೊತ್ತಾಗುವುದಿಲ್ಲ."

ಇಷ್ಟಾದರೂ ಆತುರರಾಯ ಸೋಲೊಪ್ಪಲಿಲ್ಲ. ತಪ್ಪಿದ್ದರೆ ಮರುದಿನವೇ ಇನ್ನೊಂದು ರಿಲೀಸ್ ಬಿಡಬಹುದು ಎಂದ. ದೊಡ್ಡಕ್ಕ ಕಾಯುತ್ತಿದ್ದುದು ಈ ಮಾತಿಗೇ ಎಂದು ಕಾಣುತ್ತದೆ. "ವೆಬ್‌ಸೈಟ್ ಆದರೆ ಸರ್ವರು ನಿನ್ನ ಕೈಯಲ್ಲಿರುತ್ತದೆ, ರಾತ್ರೋರಾತ್ರಿ ಹಳೆಯದನ್ನು ಕೂರಿಸಿ ಏನೂ ಆಗದವನಂತೆ ಇರಬಹುದು. ಇದು ಸಾವಿರಾರು ಜನರ ಮೇಜಿನ ಮೇಲೆ ಹೋಗಿ ಕುಳಿತಿರುತ್ತದೆ. ಅದನ್ನು ಸರಿಮಾಡಲು ನಿನಗಿರುವ ದಾರಿ ಅದರೊಳಗಿನ ಅಪ್‌ಡೇಟರ್ ಒಂದೇ. ಕೆಟ್ಟಿರುವುದು ಆ ಅಪ್‌ಡೇಟರೇ ಆದರೆ?"

ಸಂಶಯಪ್ಪನೂ ಸುಮ್ಮನಾದ, ಅದು ಅಪರೂಪ.

ಅಲ್ಲಿಂದ ಮುಂದೆ ಮಾತೆಲ್ಲ ಅಪ್‌ಡೇಟರಿನ ಸುತ್ತಲೇ ನಡೆಯಿತು. ಓಡುತ್ತಿರುವ ಪ್ರೋಗ್ರಾಮಿನ ಫೈಲನ್ನು ವಿಂಡೋಸ್ ಅಳಿಸಲು ಬಿಡುವುದಿಲ್ಲವಾದ್ದರಿಂದ ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಹೇರದೆ ಪಕ್ಕದ ಫೋಲ್ಡರಿನಲ್ಲಿ ಇಳಿಸಿ, ಮುಂದಿನ ಸಲ ತೆರೆದಾಗ ಚಿಕ್ಕದೊಂದು ಲಾಂಚರ್ ಅದನ್ನು ಎಬ್ಬಿಸುವಂತೆ ಮಾಡಬೇಕು. ಹೊಸದು ಎದ್ದು ನಿಲ್ಲದಿದ್ದರೆ ಅದೇ ಲಾಂಚರ್ ಹಳೆಯದಕ್ಕೆ ಮರಳಬೇಕು. ಇಷ್ಟಕ್ಕೇ ಸಂತೋಷಪಡುವಂತಿಲ್ಲ. ಹೊಸದು ಎದ್ದ ಕ್ಷಣವೇ ಬಳಕೆದಾರನ ಸೆಟ್ಟಿಂಗ್ ಫೈಲನ್ನು ಹೊಸ ರೂಪಕ್ಕೆ ತಿದ್ದಿ ಬರೆದಿದ್ದರೆ, ಮರಳಿ ಬಂದ ಹಳೆಯದಕ್ಕೆ ಆ ಫೈಲು ಓದಲು ಬಾರದು. ಆಗ ಎರಡು ಆವೃತ್ತಿಗಳಿದ್ದೂ ಬಳಸಲು ಒಂದೂ ಇಲ್ಲ. ಆದ್ದರಿಂದ ತಿದ್ದುವ ಮೊದಲು ಪ್ರತಿ ಇಟ್ಟುಕೊಳ್ಳಬೇಕು. ಕಳುಹಿಸಿದ ಪ್ರತಿಯೊಂದು ಬಿಲ್ಡ್‌ನ ಡೀಬಗ್ ಸಂಕೇತಗಳ (ಮೆಮೊರಿ ವಿಳಾಸವನ್ನು ಕೋಡಿನ ಸಾಲಿಗೆ ಹೊಂದಿಸುವ) ಫೈಲನ್ನೂ ಕಾಪಾಡಬೇಕು, ಇಲ್ಲವಾದರೆ ಮುಂದೆ ಬರುವ ಕ್ರ್ಯಾಶ್ ವರದಿಗಳು ಬರಿಯ ವಿಳಾಸಗಳ ಜಾತಕವಾಗುತ್ತವೆ.

"ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕಳುಹಿಸಬಹುದಲ್ಲ?" ಎಂದ ಆತುರರಾಯ, ಈಗ ಸ್ವಲ್ಪ ಮೆಲ್ಲಗೆ.

"2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಹಾಗೆಯೇ ಒಂದು ಸಣ್ಣ ಫೈಲು ಕಳುಹಿಸಿತ್ತು" ಎಂದ ಸಂಶಯಪ್ಪ. "ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತು ನೀಲಿ ಪರದೆ ತೋರಿಸಿದವು. ಎಷ್ಟೋ ಕಡೆ ಜನ ಒಂದೊಂದೇ ಯಂತ್ರದ ಮುಂದೆ ಕುಳಿತು ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಮೊದಲು ನೂರಕ್ಕೆ ಒಬ್ಬರಿಗೆ ಕಳುಹಿಸು, ಕ್ರ್ಯಾಶ್ ವರದಿ ನೋಡು, ಆಮೇಲೆ ಹತ್ತು ಮಂದಿಗೆ."

"ಆ ನೂರಕ್ಕೆ ಒಬ್ಬರು ಯಾರು?"

"ಮೊದಲು ನೀನು."

ಕೊನೆಗೆ ದೊಡ್ಡಕ್ಕ ಮೊದಲ ರಿಲೀಸ್‌ನಲ್ಲಿ ಏನಿರಬೇಕೆಂದು ತೀರ್ಮಾನಿಸಿದರು: ಖಾಲಿ ಕಿಟಕಿ, ಅದರ ಮೂಲೆಯಲ್ಲಿ ಆವೃತ್ತಿ ಸಂಖ್ಯೆ, ಒಳಗೆ ಅಪ್‌ಡೇಟರ್. ಬೇರೇನೂ ಬೇಡ.

"ಅಕ್ಕಾ, ಆ ಒಂದನೆಯ ಆವೃತ್ತಿ ಮಾಡುವ ಕೆಲಸವಾದರೂ ಏನು?" ಎಂದು ಆತುರರಾಯ ದಿಗಿಲಿನಿಂದ ಕೇಳಿದ.

"ಎರಡನೆಯದಾಗುವುದು."

"ಎರಡನೆಯದು?"

"ತಪ್ಪದೆ ಕೆಟ್ಟು, ಬಳಕೆದಾರನಿಗೆ ಗೊತ್ತಾಗದಂತೆ ಮತ್ತೆ ಒಂದನೆಯದಾಗುವುದು. ಮೂರೂ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಅದನ್ನು ಕಣ್ಣಾರೆ ಕಂಡ ಮೇಲೆ ನಿನ್ನ ಗುಂಡಿಯ ಬಣ್ಣ ಯಾವುದೆಂದು ಮಾತಾಡೋಣ."

ಆತುರರಾಯ ಹಸಿರು ಎಂದ. ಒತ್ತುವ ಮುನ್ನ ಯಾರಾದರೂ ಒಂದು ಕ್ಷಣ ಯೋಚಿಸಲಿ ಎಂದು ಸಂಶಯಪ್ಪ ಕೆಂಪನ್ನೇ ಹಿಡಿದು ಕುಳಿತ. ಆ ವಾದ ಇನ್ನೂ ನಡೆಯುತ್ತಿದೆ.