ಫಿಯೆಟ್ 1100ರ ಡಿಕ್ಕಿ ಬ್ಯಾಡ್ಜ್, ಕಿಟಕಿ ಹ್ಯಾಂಡಲ್ ಹೊಸದಾಗಿ ಮಾಡಿಸುವುದು ಹೇಗೆ?

ಮೈಸೂರು ಫಿಯೆಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ 1967ರ ಫಿಯೆಟ್ 1100 ಕಾರನ್ನು ಮತ್ತೆ ರಸ್ತೆಗೆ ಇಳಿಸುವ ಕೆಲಸ ನಡೆಯುತ್ತಿದೆ. ಇಂಜಿನ್, ಟಿಂಕರಿಂಗ್, ಪೇಂಟಿಂಗ್ ಎಲ್ಲ ಆಯಿತು. ಈಗ ಕೆಲಸ ನಿಂತಿರುವುದು ಚಿಕ್ಕಪುಟ್ಟ ಸಾಮಾನಿನಿಂದ.

ಡಿಕ್ಕಿ ಮೇಲಿನ ಬ್ಯಾಡ್ಜ್ ಒಂದೇ ಇದೆ. ಹಿಂದಿನ ಎರಡು ಪಿನ್‌ಗಳಲ್ಲಿ ಒಂದು ಮುರಿದಿದೆ. ಕ್ರೋಮ್ ತುಂಬ ಗುಳ್ಳೆ ಎದ್ದಿದೆ. ಕಿಟಕಿ ಹ್ಯಾಂಡಲ್‌ಗಳು ಎರಡು ಉಳಿದಿವೆ, ಒಂದಕ್ಕೆ ತುದಿಯ ಕಪ್ಪು ಗುಂಡಿ ಇಲ್ಲ. ಬಾಗಿಲ ಮೇಲಿನ ಉದ್ದದ ಹೊಳೆಯುವ ಪಟ್ಟಿ ಚೆನ್ನಾಗಿದೆ, ಆದರೆ ಅದನ್ನು ಹಿಡಿಯುವ ಕ್ಲಿಪ್‌ಗಳು ತುಕ್ಕು ಹಿಡಿದು ಪುಡಿಯಾಗಿವೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಕ್ಕಿದ ಹ್ಯಾಂಡಲ್ ನಮ್ಮ ಗಾಡಿಗೆ ಕೂರಲಿಲ್ಲ.

ಒಂದು ಹ್ಯಾಂಡಲ್ ಪ್ಲೇಟಿಂಗ್‌ಗೆ ಕೊಟ್ಟಿದ್ದೆ. ಹಳೇ ಕ್ರೋಮ್ ತೆಗೆಯಲು ಆಸಿಡ್‌ಗೆ ಹಾಕಿದರಂತೆ. ವಾಪಸ್ ಬಂದಾಗ ಮೈಯೆಲ್ಲ ತೂತು, ಅಂಚು ಸವೆದು ಹೋಗಿತ್ತು. ಹಾಗಾಗಿ ಬ್ಯಾಡ್ಜ್ ಯಾರ ಕೈಗೂ ಕೊಡಲು ಧೈರ್ಯ ಬರುತ್ತಿಲ್ಲ. ತ್ರೀಡಿ ಪ್ರಿಂಟ್ ಮಾಡಿಸಿ ಕ್ರೋಮ್ ಸ್ಪ್ರೇ ಹೊಡೆಸು ಅಂತ ಗೆಳೆಯರು ಹೇಳುತ್ತಾರೆ. ಅದು ನಿಲ್ಲುತ್ತದಾ? ಮಾವನವರು ಬ್ಯಾಡ್ಜನ್ನು ಮುಟ್ಟಿ ನೋಡುವವರು. ಪ್ಲಾಸ್ಟಿಕ್ ಅಂತ ಗೊತ್ತಾದರೆ ಅವರಿಗೆ ಬೇಜಾರಾಗುತ್ತದೆ.

ಹಳೇ ಟೂಲ್‌ರೂಮ್, ತುಮಕೂರು

ಮೊದಲು ಒಂದು ಮಾತು. ಆ ಬ್ಯಾಡ್ಜನ್ನು ಪ್ಲೇಟಿಂಗ್‌ಗೆ ಖಂಡಿತ ಕೊಡಬೇಡಿ. ನೀವೂ ಉಜ್ಜಬೇಡಿ. ಒಂದೇ ಒಂದು ಉಳಿದಿದೆ ಅಂದರೆ ಅದು ನಿಮ್ಮ ಅಳತೆ, ನಿಮ್ಮ ಡ್ರಾಯಿಂಗ್ ಎಲ್ಲವೂ. ಅದು ಹಾಳಾದರೆ ಫೋಟೋ ನೋಡಿ ಊಹೆ ಮಾಡಬೇಕಾಗುತ್ತದೆ.

ನಿಮ್ಮ ಹ್ಯಾಂಡಲ್‌ಗೆ ಏನಾಯಿತು ಅಂತ ಹೇಳುತ್ತೇನೆ. ಆ ಕಾಲದ ಇಂಥ ಸಾಮಾನು ಬಹಳಷ್ಟು ಮಜಾಕ್. ಅಂದರೆ ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ ಸೇರಿಸಿ ಡೈನಲ್ಲಿ ಹೊಯ್ದದ್ದು. ಸುಮಾರು 385 ಡಿಗ್ರಿಗೇ ಕರಗುವ ಲೋಹ. ಕ್ರೋಮ್‌ನಲ್ಲಿ ಸಣ್ಣ ತೂತು ಬಿದ್ದರೂ ನೀರು ಒಳಗೆ ಇಳಿದು ಸತು ಕೊಳೆಯುತ್ತದೆ, ಮೇಲೆ ಗುಳ್ಳೆ ಏಳುತ್ತದೆ. ಸತುವನ್ನು ಆಸಿಡ್ ತಿನ್ನುತ್ತದೆ, ಕಾಸ್ಟಿಕ್ ಕೂಡ ತಿನ್ನುತ್ತದೆ. ಬಂಪರ್‌ನ ಉಕ್ಕಿಗೆ ಮಾಡುವ ಹಾಗೆ ಆಸಿಡ್ ತೊಟ್ಟಿಯಲ್ಲಿ ಬಿಟ್ಟರೆ ಉಳಿಯುವುದು ಕಷ್ಟ. ತಿಳಿದವರು ಪ್ರತಿ ಗುಳ್ಳೆಯನ್ನೂ ಬಿಡಿಸಿ ಸ್ವಚ್ಛ ಮಾಡಿ, ತಾಮ್ರ ಹತ್ತಿಸಿ, ಗುಂಡಿಗೆ ಬೆಸುಗೆ ತುಂಬಿ, ಸಮ ಮಾಡಿ, ಮತ್ತೆ ತಾಮ್ರ ಹತ್ತಿಸುತ್ತಾರೆ. ಅಷ್ಟು ತಾಳ್ಮೆ ಇರುವವರು ಸಿಗುವುದು ಕಡಿಮೆ. ಹೊಸದಾಗಿ ಹಿತ್ತಾಳೆಯಲ್ಲಿ ಹೊಯ್ಯಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಿತ್ತಾಳೆ ಚೆನ್ನಾಗಿ ಪಾಲಿಶ್ ಆಗುತ್ತದೆ, ನಿಕಲ್ ಸಲೀಸಾಗಿ ಹಿಡಿಯುತ್ತದೆ. ಕೈಗೆ ತೂಕವೂ ಸಿಗುತ್ತದೆ.

ದಾರಿ ಹೀಗೆ. ಬ್ಯಾಡ್ಜ್ ಹೇಗಿದೆಯೋ ಹಾಗೇ ಅದರ ಸಿಲಿಕಾನ್ ಅಚ್ಚು ತೆಗೆಯಿರಿ. ಆ ಅಚ್ಚಿನಲ್ಲಿ ರೆಸಿನ್ (ಹೊಯ್ದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಹೊಯ್ದು ಒಂದು ನಕಲು ಮಾಡಿ. ಗುಳ್ಳೆ, ಗುಂಡಿ, ಬಿರುಕು ಎಲ್ಲ ಈ ನಕಲಿನ ಮೇಲೂ ಬರುತ್ತವೆ. ರಿಪೇರಿ ಮಾಡುವುದು ಇದನ್ನು, ಹಳೆಯದನ್ನಲ್ಲ. ಪುಟ್ಟಿ ತುಂಬಿ, 400ರಿಂದ 1500ರವರೆಗೆ ವಾಟರ್ ಪೇಪರ್ ಹಿಡಿದು, ಅಕ್ಷರದ ಅಂಚು ಚೂಪು ಮಾಡಿ. ಅಂಚು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಚೂಪಾಗಿರಲಿ, ಯಾಕೆಂದರೆ ಬಫಿಂಗ್ ಚಕ್ರ ಅಂಚನ್ನು ತಿನ್ನುತ್ತದೆ. ಅಚ್ಚಿನ ಅಡಿಗೆ ಮಕ್ಕಳ ಕ್ಲೇ ಇಡುವವರು ಎಚ್ಚರ. ಅದರಲ್ಲಿ ಗಂಧಕ ಇದ್ದರೆ ಪ್ಲಾಟಿನಂ ಸಿಲಿಕಾನ್ (ಪ್ಲಾಟಿನಂನಿಂದ ಗಟ್ಟಿಯಾಗುವ ಬಗೆ) ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಪಾಲಿಯುರೆಥೇನ್ ರೆಸಿನ್ ಮಳೆಗಾಲದಲ್ಲಿ ತೇವ ಎಳೆದುಕೊಂಡು ನೊರೆ ಬರುತ್ತದೆ. ಡಬ್ಬಿ ತೆರೆದ ಮೇಲೆ ಬೇಗ ಮುಗಿಸಿ.

ಈ ನಕಲು ಹಿಡಿದು ಒಡವೆ ಎರಕ ಹೊಯ್ಯುವವರ ಹತ್ತಿರ ಹೋಗಿ. ಬೆಂಗಳೂರಿನ ನಗರ್ತಪೇಟೆ ಕಡೆ ವಿಚಾರಿಸಿ. ಕಾರಿನ ಬ್ಯಾಡ್ಜ್ ಅವರಿಗೆ ದೊಡ್ಡ ಪದಕ ಇದ್ದ ಹಾಗೆ, ಸಣ್ಣ ಗೆರೆಯೂ ಬರುತ್ತದೆ. ಒಂದನ್ನು ಮಾತ್ರ ಒತ್ತಿ ಹೇಳಿ: ಅಚ್ಚು ತೆಗೆಯಲು ಬಿಸಿ ರಬ್ಬರ್ ಪ್ರೆಸ್‌ಗೆ ಹಾಕಬಾರದು. ಅಲ್ಲಿ 150 ಡಿಗ್ರಿ ಹತ್ತಿರ ಶಾಖ, ಮೇಲೆ ಒತ್ತಡ. ರೆಸಿನ್ ನಕಲು ಸೊಟ್ಟಗಾಗುತ್ತದೆ. ತಣ್ಣಗೆ ಕೂರುವ ಸಿಲಿಕಾನ್‌ನಲ್ಲೇ ಅಚ್ಚು ಮಾಡಿ ಮೇಣದ ನಕಲು ತೆಗೆಯಲಿ. ಆ ಮೇಣದ ಆಕಾರದಲ್ಲೇ ಆಮೇಲೆ ಹಿತ್ತಾಳೆ ಹೊಯ್ಯುವುದು.

ಇನ್ನು ಕುಗ್ಗುವಿಕೆ. ಮೇಣ ಕುಗ್ಗುತ್ತದೆ. ಹಿತ್ತಾಳೆ ತಣ್ಣಗಾದಾಗ ಸುಮಾರು ಶೇ. 1.5 ಕುಗ್ಗುತ್ತದೆ. ಪಿನ್‌ಗಳ ನಡುವೆ 90 ಮಿಮೀ ಇದ್ದರೆ ಲೋಹದಿಂದಲೇ 1.35 ಮಿಮೀ ಹೋಯಿತು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ಡಿಕ್ಕಿಯ ತೂತಿಗೆ ಪಿನ್ ಹೋಗುವುದಿಲ್ಲ. ಹೊಸ ಪೇಂಟ್ ಮೇಲೆ ತೂತು ದೊಡ್ಡದು ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಆದ್ದರಿಂದ ಪಿನ್ ಇಲ್ಲದೆ ಹೊಯ್ಯಿಸಿ. ಆಮೇಲೆ ಡಿಕ್ಕಿಯ ತೂತಿನ ಅಳತೆಗೇ ಹಿತ್ತಾಳೆ ಕಡ್ಡಿ ಬೆಸುಗೆ ಹಾಕಿಸಿ. ಹ್ಯಾಂಡಲ್‌ಗೂ ಇದೇ ಮಾತು. ಶಾಫ್ಟ್ ಕೂರುವ ತೂತು ಎರಕದಲ್ಲಿ ಬೇಡ. ಗಟ್ಟಿಯಾಗಿ ಹೊಯ್ಯಿಸಿ, ಆಮೇಲೆ ಮೆಷಿನ್ ಮಾಡಿಸಿ. ಆಸಿಡ್ ತಿಂದ ಹ್ಯಾಂಡಲ್ ಎಸೆಯಬೇಡಿ. ತೂತಿನ ಒಳಭಾಗ ಉಳಿದಿದ್ದರೆ ಅಳತೆಗೆ ಬೇಕಾಗುತ್ತದೆ.

ಸ್ಪ್ರೇ ಕ್ರೋಮ್ ದಿನಾ ಕೈ ತಾಗುವ ಜಾಗಕ್ಕೆ ಬೇಡವೇ ಬೇಡ. ಹ್ಯಾಂಡಲ್ ತುದಿಯ ಕಪ್ಪು ಗುಂಡಿಯನ್ನು ಮಾತ್ರ ಪ್ರಿಂಟ್ ಮಾಡಿಸಬಹುದು, ಪಿಎಲ್ಎ (ತ್ರೀಡಿ ಪ್ರಿಂಟ್‌ನ ಮಾಮೂಲಿ ಪ್ಲಾಸ್ಟಿಕ್) ಬೇಡ. ಅದು 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರು ಹೇಗಿರುತ್ತದೆ ಗೊತ್ತಲ್ವಾ? ಎಎಸ್ಎ ಅನ್ನುವ ಪ್ಲಾಸ್ಟಿಕ್ ಕೇಳಿ, ಬಿಸಿಲಿಗೂ ತಡೆಯುತ್ತದೆ.

ಅಂಬಾಸಿಡರ್ ಹುಬ್ಬಳ್ಳಿ

ಕ್ಲಿಪ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಗಾಡಿಗೆ 0.5 ಮಿಮೀ ಸ್ಟೇನ್‌ಲೆಸ್ ಸ್ಪ್ರಿಂಗ್ ಪಟ್ಟಿ ತಂದು, ಮರದ ತುಂಡಿನ ಮೇಲೆ ಹಳೇ ಕ್ಲಿಪ್‌ನ ಆಕಾರ ಕೆತ್ತಿ ಬಗ್ಗಿಸಿದೆವು. ಅಡುಗೆ ಪಾತ್ರೆಯ ಸ್ಟೇನ್‌ಲೆಸ್ ಶೀಟ್ ತರಬೇಡಿ, ಅದು ಬಗ್ಗಿದರೆ ಬಗ್ಗಿದ ಹಾಗೇ ಇರುತ್ತದೆ, ಹಿಡಿತ ಇರುವುದಿಲ್ಲ. ಬಾಡಿಗೆ ತಾಗುವ ಕಡೆ ತೆಳು ರಬ್ಬರ್ ಇಡಿ, ಪೇಂಟ್ ಕೆರೆಯುವುದಿಲ್ಲ.

ಹಳೇ ಟೂಲ್‌ರೂಮ್, ತುಮಕೂರು

ಸರಿಯಾಗಿ ಹೇಳಿದಿರಿ ಮೇಡಂ. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮಾಮೂಲಿ ಸ್ಪ್ರಿಂಗ್ ಸ್ಟೀಲ್ ಕ್ಲಿಪ್‌ಗೆ ಜಿಂಕ್ ಪ್ಲೇಟಿಂಗ್ ಮಾಡಿಸಿದರೆ ಹೈಡ್ರೋಜನ್ ಒಳಗೆ ಸೇರಿ ಉಕ್ಕು ಪೆಡಸಾಗುತ್ತದೆ. ಹಾಕಿದಾಗ ಚೆನ್ನಾಗಿಯೇ ಇರುತ್ತದೆ, ಆಮೇಲೆ ತಾನಾಗಿ ಟಕ್ಕನೆ ಮುರಿಯುತ್ತದೆ. ಪ್ಲೇಟಿಂಗ್ ಆದ ಕೂಡಲೇ 190 ಡಿಗ್ರಿಯಲ್ಲಿ ಕೆಲವು ಗಂಟೆ ಓವನ್‌ನಲ್ಲಿ ಇಡಬೇಕು. ಸ್ಟೇನ್‌ಲೆಸ್‌ಗೆ ಪ್ಲೇಟಿಂಗೇ ಬೇಡ, ಈ ತಲೆನೋವೂ ಇಲ್ಲ.

ಬೀದರ್ ಹುಡುಗ

ಸರ್, ನಮ್ಮೂರಿನ ಬಿದ್ರಿ ಲೋಹದಲ್ಲೂ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಬಿದ್ರಿ ಎರಕದವರ ಹತ್ತಿರ ಹೊಯ್ಯಿಸಬಹುದಾ?

ಹಳೇ ಟೂಲ್‌ರೂಮ್, ತುಮಕೂರು

ಒಳ್ಳೆಯ ಯೋಚನೆ. ಅವರ ಕೈಚಳಕದ ಮೇಲೆ ನನಗೆ ತುಂಬ ಗೌರವ. ಆದರೆ ಅದು ಮಣ್ಣಿನ ಅಚ್ಚು. ಅಲ್ಲಿ ಆಕಾರ ಹೊಯ್ದು, ಹೂಬಳ್ಳಿಯನ್ನು ಆಮೇಲೆ ಉಳಿಯಿಂದ ಕೆತ್ತುತ್ತಾರೆ. ತೆಳು ಅಕ್ಷರದ ಬ್ಯಾಡ್ಜ್ ಆ ಅಚ್ಚಿನಲ್ಲಿ ನೇರವಾಗಿ ಬರುವುದು ಕಷ್ಟ. ಹ್ಯಾಂಡಲ್ ಹಿಂದಿನ ದುಂಡು ಬಿಲ್ಲೆಯಂಥದ್ದಕ್ಕೆ ಕೇಳಿ ನೋಡಬಹುದು. ಆದರೂ ಸತು ಅಂದರೆ ಪ್ಲೇಟಿಂಗ್‌ನಲ್ಲಿ ಮತ್ತೆ ಅದೇ ಎಚ್ಚರ ಬೇಕು.

ಮೈಸೂರು ಫಿಯೆಟ್

ತುಂಬ ಧನ್ಯವಾದ ಸರ್. ಇವತ್ತು ಅಳೆದೆ. ಡಿಕ್ಕಿಯ ತೂತುಗಳ ನಡುವೆ 84 ಮಿಮೀ. ಎಷ್ಟು ಬ್ಯಾಡ್ಜ್ ಹೊಯ್ಯಿಸಲಿ? ಪ್ಲೇಟಿಂಗ್‌ನವರಿಗೆ ಏನು ಹೇಳಲಿ?

ಹಳೇ ಟೂಲ್‌ರೂಮ್, ತುಮಕೂರು

ಖರ್ಚು ಬೀಳುವುದು ಅಚ್ಚಿಗೆ. ಅಚ್ಚು ಆದ ಮೇಲೆ ಒಂದಕ್ಕೂ ನಾಲ್ಕಕ್ಕೂ ಅಷ್ಟೇನೂ ವ್ಯತ್ಯಾಸ ಇಲ್ಲ. 1100 ಇರುವವರು ಇಲ್ಲಿ ಇನ್ನೂ ಇದ್ದಾರೆ, ಕೇಳಿ ಸೇರಿಸಿಕೊಳ್ಳಿ. ಪ್ರತಿಯೊಂದರ ಹಿಂದೆಯೂ ಮಾಡಿದ ವರ್ಷ ಗುದ್ದಿಸಿ. ಮುಂದೆ ಯಾರೂ ಇದನ್ನು ಕಾರ್ಖಾನೆಯ ಮೂಲ ಸಾಮಾನು ಅಂತ ಮಾರಬಾರದು. ಇದು ನನಗೆ ಮುಖ್ಯ.

ಪ್ಲೇಟಿಂಗ್‌ನವರಿಗೆ 'ಇದು ಹಿತ್ತಾಳೆ, ಮಜಾಕ್ ಅಲ್ಲ' ಅಂತ ಚೀಟಿ ಬರೆದು ಕಟ್ಟಿ ಕೊಡಿ. ಪಾಲಿಶ್ ನೀವೇ ಮುಗಿಸಿ, ಬಫಿಂಗ್ ಬೇಡ ಅನ್ನಿ. ಹೊಳಪು ಕೊಡುವುದೂ ತುಕ್ಕು ತಡೆಯುವುದೂ ಕೆಳಗಿನ ನಿಕಲ್. ಅದು 15–20 ಮೈಕ್ರಾನ್ ಇರಲಿ ಅಂತ ಕೇಳಿ. ಮೇಲಿನ ಕ್ರೋಮ್ ಅರ್ಧ ಮೈಕ್ರಾನ್‌ಗಿಂತಲೂ ತೆಳು, ಅದರ ಬಗ್ಗೆ ಚೌಕಾಸಿ ಬೇಡ. ಪಿನ್ ಬೆಸುಗೆ ಪ್ಲೇಟಿಂಗ್‌ಗೆ ಮೊದಲೇ ಆಗಬೇಕು. ಬೆಸುಗೆ ಹಾಕುವಾಗ 84ರ ಅಳತೆಗೆ ಎರಡು ತೂತು ಕೊರೆದ ತಗಡಿನಲ್ಲಿ ಪಿನ್ ನಿಲ್ಲಿಸಿಕೊಳ್ಳಿ, ಅಲುಗಾಡುವುದಿಲ್ಲ. ಆ ತಗಡನ್ನು ಮೊದಲು ಡಿಕ್ಕಿಯ ಮೇಲೇ ಇಟ್ಟು ನೋಡಿಬಿಡಿ.