ಸುದ್ದಿ ನೆನಪಿದೆ, ಜಾಗ ಗೊತ್ತಿಲ್ಲ: ಭೂಗೋಳ, ಕರೆಂಟ್ ಅಫೇರ್ಸ್ ನೀವು ಹೇಗೆ ಓದಿದಿರಿ?

ಡೊಂಬಿವಲಿಯಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಕುಂದಾಪುರದ ಹತ್ತಿರ, ಆದರೆ ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ. ಬಿ.ಕಾಂ. ಮುಗಿಸಿ ದಾದರಿನಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದೇನೆ. ಹೋದ ಸಲ ಯುಪಿಎಸ್‌ಸಿ ಪ್ರಿಲಿಮ್ಸ್ ಬರೆದೆ, ಆಗಲಿಲ್ಲ. ಇತಿಹಾಸ, ಸಂವಿಧಾನ ಹೇಗೋ ನಡೆಯುತ್ತದೆ. ಭೂಗೋಳ ಬಂದರೆ ಕೈಕಾಲು ಆಡುವುದಿಲ್ಲ. ಕರೆಂಟ್ ಅಫೇರ್ಸ್‌ಗೆ ಎರಡು ಮಾಸಿಕ ಓದುತ್ತೇನೆ, ಮೊಬೈಲ್ ತುಂಬ ಪಿಡಿಎಫ್ ಇದೆ, ಹದಿನೈದು ದಿನಕ್ಕೆ ಎಲ್ಲ ಮರೆತಿರುತ್ತದೆ. ಮೊನ್ನೆ ಒಂದು ಮಾಕ್ ಟೆಸ್ಟ್‌ನಲ್ಲಿ ಮಹದಾಯಿ ಪ್ರಶ್ನೆ ಬಂತು. ನ್ಯಾಯಮಂಡಳಿ ತೀರ್ಪಿನ ವರ್ಷ ಗೊತ್ತಿತ್ತು. ನದಿ ಎಲ್ಲಿ ಹುಟ್ಟುತ್ತದೆ ಅನ್ನೋದೇ ಗೊತ್ತಿರಲಿಲ್ಲ. ಕ್ಲಾಸಿಗೆ ಕೊಡುವಷ್ಟು ಹಣ ಇಲ್ಲ. ಬರೆದವರು, ಬರೆಯುತ್ತಿರುವವರು ನಿಮ್ಮ ಅನುಭವ ಹೇಳ್ತೀರಾ?

ಪುಣೆಯಿಂದ:

ತಂಗೀ, ನನ್ನದೂ ಇದೇ ಕಥೆಯಾಗಿತ್ತು. ನಮ್ಮ ಊರು ಅಫಜಲಪುರ ತಾಲ್ಲೂಕು, ಭೀಮಾ ದಂಡೆ. ಸದಾಶಿವ ಪೇಟೆಯ ಒಂದು ಅಭ್ಯಾಸಿಕೆಯಲ್ಲಿ ಮೂರು ವರ್ಷ ಕೂತು ಓದಿದೆ. ಇಲ್ಲಿ ಓದುವ ಕೋಣೆಗೆ ಹಾಗೇ ಅನ್ನುತ್ತಾರೆ. ಎರಡು ಸಲ ಮೇನ್ಸ್ ಬರೆದೆ, ಕೊನೆಯ ಪಟ್ಟಿಗೆ ಬರಲಿಲ್ಲ. ಈಗ ಬೇರೆ ಪರೀಕ್ಷೆ ಪಾಸಾಗಿ ನೌಕರಿಯಲ್ಲಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದು ಬಾಯಿಪಾಠ. ಗೋದಾವರಿ 1465 ಕಿ.ಮೀ., ಅದರ ಉಪನದಿಗಳು ಇವು, ಕೃಷ್ಣಾದ ಉಪನದಿಗಳು ಇವು. ಗೋಡೆಗೆ ಪಟ್ಟಿ ಅಂಟಿಸಿದ್ದೆ. ಪರೀಕ್ಷೆಯಲ್ಲಿ ಯಾವ ಉಪನದಿ ಎಡದಿಂದ ಬರುತ್ತದೆ ಅಂತ ಕೇಳಿದರೆ ಪಟ್ಟಿ ಏನು ಹೇಳುತ್ತದೆ?

2020ರ ಅಕ್ಟೋಬರ್‌ನಲ್ಲಿ ಊರಿಂದ ಫೋನ್ ಬಂತು. ಭೀಮಾ ಹೊಲಕ್ಕೆ ನುಗ್ಗಿದೆ, ತೊಗರಿ ಎಲ್ಲ ನೀರಲ್ಲಿದೆ ಅಂತ. ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ಅವತ್ತು ರಾತ್ರಿ ಅಟ್ಲಾಸ್ ತೆಗೆದು ಬೆರಳಿಟ್ಟೆ. ಭೀಮಾ ಹುಟ್ಟುವುದು ಭೀಮಾಶಂಕರದಲ್ಲಿ, ಇದೇ ಪುಣೆ ಜಿಲ್ಲೆ. ನಾನು ದಿನಾ ದಾಟುವ ಸೇತುವೆ ಕೆಳಗಿನ ಮುಠಾ ನದಿ ಮುಳಾ ಜೊತೆ ಸೇರಿ ಅದಕ್ಕೇ ಹೋಗುತ್ತದೆ. ಮುಂದೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ. ಅದರಾಚೆ ವಿಜಯಪುರ, ಕಲಬುರಗಿ, ಯಾದಗಿರಿ ಸೀಮೆ, ಕಡೆಗೆ ರಾಯಚೂರಿನ ಹತ್ತಿರ ಕೃಷ್ಣಾ. ಮೂರು ವರ್ಷ ಈ ನೀರಿನ ಮೇಲೆ ನಡೆದಾಡಿದ್ದೆ, ಇದು ನಮ್ಮ ಹೊಲಕ್ಕೆ ಹೋಗುವ ನೀರು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಆ ಒಂದು ಗೆರೆಗೆ ಎಷ್ಟು ವಿಷಯ ಜೋತು ಬೀಳುತ್ತದೆ ನೋಡಿ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಜಾಸ್ತಿ ಮಳೆ. ಘಟ್ಟ ಇಳಿದು ಪುಣೆಗೆ ಬಂದರೆ ಸುಮಾರು 700. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿ ಏರುವಾಗ ತಣ್ಣಗಾಗಿ ನೀರು ಸುರಿಸುತ್ತದೆ, ಈ ಕಡೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಮಳೆ ನೆರಳು ಅಂದರೆ ಇಷ್ಟೇ. ಮಳೆಗಾಲದಲ್ಲಿ ಒಂದು ಸಲ ಮುಂಬೈಯಿಂದ ಪುಣೆಗೆ ರೈಲಿನಲ್ಲಿ ಬನ್ನಿ. ಕರ್ಜತ್ ದಾಟಿ ಲೋಣಾವಳಾ ಬರುವ ತನಕ ಏನೂ ಕಾಣದಷ್ಟು ಮಳೆ, ಪುಣೆ ಸ್ಟೇಷನ್‌ನಲ್ಲಿ ಬರೀ ತುಂತುರು. ನನಗೆ ಪುಸ್ತಕಕ್ಕಿಂತ ಆ ಪ್ರಯಾಣವೇ ಚೆನ್ನಾಗಿ ಕಲಿಸಿತು.

ನೆಲವೂ ಹಾಗೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹರಿದು ಆದದ್ದು ಈ ದಖ್ಖನ್ ಬಸಾಲ್ಟ್. ಅದು ಸವೆದು ಆದದ್ದೇ ನಮ್ಮ ಎರೆ ಮಣ್ಣು. ಇನ್ನು ಕೃಷ್ಣಾ ಹುಟ್ಟುವ ಜಾಗದಿಂದ ಅರಬ್ಬಿ ಸಮುದ್ರ ಬರೀ 64 ಕಿ.ಮೀ. ಆದರೂ ಅದು ಪೂರ್ವಕ್ಕೆ ತಿರುಗಿ ಸುಮಾರು 1400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ ಅನ್ನುವ ಮಾತು ಇದರಿಂದಲೇ ಅರ್ಥವಾಗುತ್ತದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಲ್ಲಿ ಮನುಷ್ಯ ಇದನ್ನು ಉಲ್ಟಾ ಮಾಡಿದ್ದಾನೆ. ಪೂರ್ವಕ್ಕೆ ಹೋಗಬೇಕಾದ ನೀರನ್ನು ಪಶ್ಚಿಮಕ್ಕೆ ಇಳಿಸಿ ಕರೆಂಟ್ ತೆಗೆಯುತ್ತಾರೆ. ಅಲ್ಲೇ 1967ರ ಡಿಸೆಂಬರ್ 11ಕ್ಕೆ ದೊಡ್ಡ ಭೂಕಂಪವಾಯಿತು. ಜಲಾಶಯದ ಭಾರಕ್ಕೂ ಭೂಕಂಪಕ್ಕೂ ಇರುವ ಸಂಬಂಧ ಕೇಳಿದರೆ ಎಲ್ಲರೂ ಕೊಡುವ ಉದಾಹರಣೆ ಇದು.

ಈಗ ಪೇಪರ್ ಬಿಚ್ಚಿ. ಕೃಷ್ಣಾ ಮೇಲಿನ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಸುದ್ದಿ ಬರುತ್ತಿರುತ್ತದೆ. ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ ಅಂತ ಮಹಾರಾಷ್ಟ್ರದ ಆಕ್ಷೇಪ. ಸಾಂಗ್ಲಿ ಕೃಷ್ಣಾ ಮೇಲಿದೆ, ಕೊಲ್ಹಾಪುರ ಪಂಚಗಂಗಾ ಮೇಲಿದೆ, ಎರಡೂ ಆಲಮಟ್ಟಿಯ ಮೇಲ್ಗಡೆ. ಭೀಮಾ ಕೃಷ್ಣೆಗೆ ಸೇರುವುದು ಆಲಮಟ್ಟಿ, ನಾರಾಯಣಪುರ ಎರಡೂ ದಾಟಿದ ಮೇಲೆ. ಅಂದರೆ ಉಜನಿಯ ನೀರು ಆಲಮಟ್ಟಿಗೆ ಬರುವುದೇ ಇಲ್ಲ. ನನ್ನ ಜೊತೆ ಓದುತ್ತಿದ್ದ ಎಷ್ಟೋ ಹುಡುಗರು ಈ ಎರಡನ್ನೂ ಒಂದೇ ಮಾಡುತ್ತಿದ್ದರು.

ಅದಕ್ಕೇ ಹೇಳುತ್ತೇನೆ, ಇವು ಎರಡು ಸಬ್ಜೆಕ್ಟ್ ಅಲ್ಲ. ಸುದ್ದಿ ಓದಿದ ದಿನವೇ ಅದನ್ನು ಖಾಲಿ ನಕ್ಷೆಯ ಮೇಲೆ ಇಡಿ. ಇಡಲು ಜಾಗವಿಲ್ಲದ ಸುದ್ದಿ, ಅಂದರೆ ನೇಮಕಾತಿ, ಪ್ರಶಸ್ತಿ, ಸಮ್ಮೇಳನ, ಅವಕ್ಕೆ ಒಂದೇ ಸಾಲು ಸಾಕು. ಮೊದಲು ಎನ್‌ಸಿಇಆರ್‌ಟಿ 11ನೇ ತರಗತಿಯ ಎರಡು ಭೂಗೋಳ ಪುಸ್ತಕ ಮುಗಿಸಿ. ಅದಿಲ್ಲದೆ ಪೇಪರ್ ಓದಿದರೆ ನೀರು ಇಲ್ಲದ ಹೊಲಕ್ಕೆ ಬೀಜ ಹಾಕಿದ ಹಾಗೆ.

ನವಿ ಮುಂಬೈಯಿಂದ:

ನಾನು ನಾವಾ ಶೇವಾ ಬಂದರಿನ ಹತ್ತಿರ ಒಂದು ಕ್ಲಿಯರಿಂಗ್ ಆಫೀಸಿನಲ್ಲಿದ್ದೇನೆ. ನಾಲ್ಕು ಸಲ ಪ್ರಿಲಿಮ್ಸ್, ಒಂದು ಸಲ ಪಾಸು. ಪುಣೆಯವರು ಹೇಳಿದ್ದು ನಮ್ಮ ದೇಶದ ಮಟ್ಟಿಗೆ ಸರಿ. ಆದರೆ ಹೊರಗಿನ ನಕ್ಷೆ ಬಿಡಬೇಡಿ. ಯಾವ ಸಮುದ್ರಕ್ಕೆ ಯಾವ ದೇಶ ತಾಗುತ್ತದೆ ಅನ್ನುವಂಥ ಪ್ರಶ್ನೆ ಬರುತ್ತಲೇ ಇರುತ್ತದೆ.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೌತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ನಮ್ಮ ಆಫೀಸಿನಲ್ಲಿ ಯೂರೋಪಿನ ಕಂಟೈನರ್‌ಗಳ ತಾರೀಖು ಎಲ್ಲ ಮುಂದೆ ಹೋಯಿತು. ಯಾಕೆ ಅಂತ ಸಾಹೇಬರು ಗೋಡೆಯ ನಕ್ಷೆ ತೋರಿಸಿದರು. ಯೆಮನ್, ಜಿಬೌಟಿ ನಡುವಿನ ಬಾಬ್ ಎಲ್ ಮಂದೆಬ್ ದಾಟಿದರೆ ಕೆಂಪು ಸಮುದ್ರ, ಅದರ ತುದಿಗೆ ಸೂಯೆಜ್ ಕಾಲುವೆ. ಅಲ್ಲಿ ಹೋಗಲು ಆಗದಿದ್ದರೆ ಇಡೀ ಆಫ್ರಿಕಾ ಸುತ್ತಿ ಗುಡ್ ಹೋಪ್ ಭೂಶಿರದ ಮೇಲೆ ಹೋಗಬೇಕು. ಆ ದಿನದಿಂದ ಜಲಸಂಧಿಗಳನ್ನು ನಾನು ಬಾಯಿಪಾಠ ಮಾಡಲಿಲ್ಲ. ಹೊರ್ಮುಜ್‌ನ ಒಂದು ಕಡೆ ಇರಾನ್, ಇನ್ನೊಂದು ಕಡೆ ಒಮಾನ್. ಭಾರತ 2024ರ ಮೇನಲ್ಲಿ ಹತ್ತು ವರ್ಷದ ಒಪ್ಪಂದ ಮಾಡಿಕೊಂಡ ಚಾಬಹಾರ್ ಇರುವುದು ಹೊರ್ಮುಜ್‌ನ ಹೊರಗೆ. ಆ ಬಂದರಿಗೆ ಬೆಲೆ ಬಂದದ್ದಕ್ಕೆ ಅದೂ ಒಂದು ಕಾರಣ. ಜಾಗ ಗೊತ್ತಾದರೆ ಸುದ್ದಿಯ ಕಾರಣವೂ ಗೊತ್ತಾಗುತ್ತದೆ ಅಲ್ವಾ?

ಇಲ್ಲಿನದೇ ಒಂದು: ಪಾಲ್ಘರ್ ಜಿಲ್ಲೆಯ ವಾಢವಣ ಬಂದರು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು, ಅಂದಾಜು 76,200 ಕೋಟಿ ರೂಪಾಯಿ. ನಾವಾ ಶೇವಾ ಇರುವಾಗ ಇನ್ನೊಂದು ಯಾಕೆ ಅಂತ ಕೇಳಿಕೊಳ್ಳಿ. ದೊಡ್ಡ ಹಡಗಿಗೆ ಆಳದ ನೀರು ಬೇಕು, ಅದು ಅಲ್ಲಿ ಸಹಜವಾಗಿಯೇ ಇದೆ. ಮೀನುಗಾರರ ವಿರೋಧ ಯಾಕೆ ಅನ್ನೋದನ್ನೂ ಪಕ್ಕದಲ್ಲೇ ಬರೆಯಿರಿ, ಮೇನ್ಸ್‌ಗೆ ಬೇಕಾಗುತ್ತದೆ.

ವಾಸ್ಕೊ, ಗೋವಾದಿಂದ:

ಮಗಾ, ನಾನು ಇಲ್ಲಿ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಊರು ಖಾನಾಪುರ ತಾಲ್ಲೂಕು. ಮಹದಾಯಿ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ಅದು ಹುಟ್ಟುವುದು ಬೆಳಗಾವಿ ಜಿಲ್ಲೆಯ ಭೀಮಗಡದ ಕಾಡಿನಲ್ಲಿ. ಗೋವಾಕ್ಕೆ ಬಂದ ಮೇಲೆ ಮಾಂಡೋವಿ, ಪಣಜಿಯಲ್ಲಿ ಸಮುದ್ರ. ಅದೇ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭಾ ಹುಟ್ಟುತ್ತದೆ. ಅದು ಪೂರ್ವಕ್ಕೆ ಹೋಗಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಒಂದೇ ತಾಲ್ಲೂಕು, ಒಂದು ನದಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬಂಗಾಳ ಕೊಲ್ಲಿಗೆ. ಮಹದಾಯಿಗೆ ಹೋಗುವ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭಾ ಕಡೆಗೆ ತಿರುಗಿಸುವುದೇ ಜಗಳದ ಮೂಲ. ಇಷ್ಟು ಕಣ್ಣ ಮುಂದೆ ಬಂದರೆ ಉಳಿದದ್ದು ತಾನಾಗಿ ಕೂರುತ್ತದೆ. 2010ರಲ್ಲಿ ನ್ಯಾಯಮಂಡಳಿ, 2018ರ ಆಗಸ್ಟ್‌ನಲ್ಲಿ ತೀರ್ಪು. ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ. ಕಾನೂನಿನ ಬುಡ ಸಂವಿಧಾನದ 262ನೇ ವಿಧಿ ಮತ್ತು 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ.

ಹೊರನಾಡಿನಲ್ಲಿರುವ ನಮಗೆ ಒಂದು ಅನುಕೂಲ ಇದೆ, ಅದನ್ನು ಬಳಸಿ. ಒಂದೇ ಸುದ್ದಿ ನಮಗೆ ಎರಡು ಕಡೆಯಿಂದ ಸಿಗುತ್ತದೆ. ಕನ್ನಡ ಪೇಪರಿನಲ್ಲಿ ಅದು ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರು. ಇಲ್ಲಿನ ಪೇಪರಿನಲ್ಲಿ ಅದು ಗೋವೆಯ ತಾಯಿ, ಕಾಡಿನ ಉಸಿರು. ಹುಟ್ಟಿದ ಊರಿನ ಕಡೆ ಮನಸ್ಸು ವಾಲುವುದು ಸಹಜ. ಉತ್ತರ ಬರೆಯುವಾಗ ಮಾತ್ರ ನೀವು ಅಧಿಕಾರಿಯ ಕುರ್ಚಿಯಲ್ಲಿ ಕೂತವರು. ನನ್ನ ಹತ್ತಿರ ಬರುವ ಮಕ್ಕಳಿಗೆ ಪುಟ ಮಡಿಸಿ ಮೂರು ಪಟ್ಟಿ ಮಾಡಿಸುತ್ತೇನೆ: ನೀರು ಎಲ್ಲಿಂದ ಎಲ್ಲಿಗೆ, ಕಾನೂನು ಏನು, ಯಾರು ಏನು ಹೇಳುತ್ತಾರೆ. ಮೂರನೆಯದಕ್ಕೆ ತಾರೀಖು ಹಾಕಲೇಬೇಕು, ಯಾಕೆಂದರೆ ಬದಲಾಗುವುದು ಅದೊಂದೇ.

ಮಾಟುಂಗಾದಿಂದ:

ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಆದರೆ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ನಾನು ಕನ್ನಡದಲ್ಲಿ ಓದಿಕೊಂಡು ಹೋಗಿ ಗೊತ್ತಿದ್ದ ಪ್ರಶ್ನೆಗಳನ್ನೇ ಕಳೆದುಕೊಂಡೆ, ಆ ನೋವು ಈಗಲೂ ಇದೆ. ನೋಟ್ಸ್‌ನಲ್ಲಿ ಎರಡೂ ಪದ ಅಕ್ಕಪಕ್ಕ ಬರೆಯಿರಿ. ಮಳೆ ನೆರಳು ಅಂದರೆ ರೇನ್ ಶ್ಯಾಡೋ. ಮೆಕ್ಕಲು ಮಣ್ಣು ಅಂದರೆ ಅಲ್ಯೂವಿಯಲ್ ಸಾಯಿಲ್. ಅಳಿವೆ ಅಂದರೆ ಎಸ್ಚುಯರಿ. ನಿಮ್ಮ ಕುಂದಾಪುರದ ಪಕ್ಕದ ಗಂಗೊಳ್ಳಿಯಲ್ಲಿ ಐದು ನದಿ ಸೇರಿ ಸಮುದ್ರಕ್ಕೆ ಹೋಗುತ್ತವಲ್ಲ, ಆ ಅಳಿವೆಯೇ ಎಸ್ಚುಯರಿ. ಪಶ್ಚಿಮಕ್ಕೆ ಹರಿಯುವ ಈ ನದಿಗಳು ಯಾಕೆ ಡೆಲ್ಟಾ ಕಟ್ಟುವುದಿಲ್ಲ ಅಂತ ಕೇಳಿದರೆ ಊರನ್ನು ನೆನೆಸಿಕೊಳ್ಳಿ. ಘಟ್ಟದಿಂದ ಕಡಲಿಗೆ ದಾರಿ ಗಿಡ್ಡ, ಇಳಿಜಾರು ಜಾಸ್ತಿ. ಮಣ್ಣು ಹರಡಿ ಕೂರಲು ಬಯಲೇ ಇಲ್ಲ. ಹಾಗೇ ರಾಮ್ಸಾರ್ ಪಟ್ಟಿಯನ್ನೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯನ್ನೂ, ಗುರುತಿರುವ ಜಾಗದಿಂದ ಶುರು ಮಾಡಿ. ನಿಮ್ಮ ಪಕ್ಕದ ಠಾಣೆ ಖಾರಿ (ಕ್ರೀಕ್, ಸಮುದ್ರದ ನೀರು ಒಳಗೆ ಬರುವ ಕವಲು) 2022ರಲ್ಲಿ ಸೇರಿತು, ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ.

ಡೊಂಬಿವಲಿಯಿಂದ, ಕೇಳಿದವರು:

ಓದುತ್ತಾ ಓದುತ್ತಾ ಕಣ್ಣು ತುಂಬಿತು. ಇಷ್ಟು ಸಮಯ ಕೊಟ್ಟು ಬರೆದಿದ್ದೀರಿ. ಒಂದೇ ಒಂದು ಕೇಳುತ್ತೇನೆ, ಬೆಳಿಗ್ಗೆ ಲೋಕಲ್‌ನಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ. ದಿನ ಹೇಗೆ ಹಂಚಿಕೊಳ್ಳಲಿ?

ಪುಣೆಯಿಂದ:

ರೈಲಿನಲ್ಲಿ ಅಟ್ಲಾಸ್ ಆಸೆ ಬಿಡಿ. ಆಕಾಶವಾಣಿ ಸುದ್ದಿ ಕಿವಿಗೆ ಹಾಕಿಕೊಳ್ಳಿ. ಕೇಳಿದ ಊರಿನ ಹೆಸರುಗಳನ್ನು ಮನಸ್ಸಿನಲ್ಲಿ ಹಿಡಿದಿಡಿ, ನಾಲ್ಕೈದು ಸಾಕು. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಆ ನಾಲ್ಕೈದನ್ನು ನಕ್ಷೆಯಲ್ಲಿ ಹುಡುಕಿ. ಪೇಪರ್ ಒಂದೇ, ಮಾಸಿಕವೂ ಒಂದೇ. ಎರಡನೆಯ ಮಾಸಿಕ ಇವತ್ತೇ ನಿಲ್ಲಿಸಿ, ಅದು ಭಯಕ್ಕೆ ಕೊಳ್ಳುವುದು. ಪಿಡಿಎಫ್‌ಗಳನ್ನೂ ಅಳಿಸಿ.

ಭಾನುವಾರ ಒಂದು ಸುದ್ದಿಯನ್ನು ಪೂರ್ತಿ ಎಳೆಯಿರಿ. ಉದಾಹರಣೆಗೆ ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಸರಾಸರಿ 87 ಸೆಂ.ಮೀ., ಅದರ 96ರಿಂದ 104 ಶೇಕಡಾ ಬಂದರೆ ಹವಾಮಾನ ಇಲಾಖೆ ವಾಡಿಕೆ ಅನ್ನುತ್ತದೆ. ಕೇರಳಕ್ಕೆ ಜೂನ್ 1, ಮುಂಬೈಗೆ ಜೂನ್ 11 ವಾಡಿಕೆಯ ದಿನ. 2025ರಲ್ಲಿ ಮೇ 24ಕ್ಕೆ ಕೇರಳ, ಮೇ 26ಕ್ಕೇ ಮುಂಬೈ. ಮಳೆ ಕೈಕೊಟ್ಟರೆ ತರಕಾರಿ ಬೆಲೆ ಏರುತ್ತದೆ, ಹಣದುಬ್ಬರ ಏರುತ್ತದೆ. ಆಗ ನಿಮ್ಮ ಮುಂಬೈಯಲ್ಲೇ ಕೂತಿರುವ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಲು ಹಿಂದೆಮುಂದೆ ನೋಡುತ್ತದೆ. ಹಣದುಬ್ಬರಕ್ಕೆ ಅದರ ಗುರಿ ಶೇಕಡಾ 4, ಎರಡು ಮೇಲೆ ಕೆಳಗೆ. ಲೆಕ್ಕ ಬರೆಯುವವರಿಗೆ ಇದು ಬೇಗ ಹಿಡಿಯುತ್ತದೆ.

ನವಿ ಮುಂಬೈಯಿಂದ:

ಸಿಸ್ಯಾಟ್, ಅಂದರೆ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ, ಮರೆಯಬೇಡಿ. ಅದರಲ್ಲಿ ಶೇಕಡಾ 33 ಬಾರದಿದ್ದರೆ ಮೊದಲ ಪತ್ರಿಕೆಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಮತ್ತೆ ಮೊದಲ ಪತ್ರಿಕೆಯಲ್ಲಿ ಪ್ರಶ್ನೆ 100, ಪ್ರತಿ ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಟ್. ನಾನು ಮೂರು ಸಲ ಹೋದದ್ದು ಗೊತ್ತಿಲ್ಲದ ನಕ್ಷೆ ಪ್ರಶ್ನೆಗಳಿಗೆ ಸುಮ್ನೆ ಗುರುತು ಹಾಕಿ.

ಡೊಂಬಿವಲಿಯಿಂದ, ಕೇಳಿದವರು:

ಭಾನುವಾರ ಸ್ಟೇಷನ್ ಹತ್ತಿರದ ಅಂಗಡಿಯಿಂದ ಖಾಲಿ ನಕ್ಷೆ ತಂದೆ. ಗಂಗೊಳ್ಳಿಯಿಂದಲೇ ಶುರು ಮಾಡಿದೆ. ಐದು ನದಿಗಳ ಹೆಸರು ಹುಡುಕುತ್ತಿದ್ದಾಗ ಅಪ್ಪ ಪಕ್ಕದಲ್ಲಿ ಬಂದು ಕೂತು ಒಂದೇ ಉಸಿರಿಗೆ ಹೇಳಿದರು: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇಡಕ. ವಾರಾಹಿಗೆ ಮಾಣಿ ಅಣೆಕಟ್ಟು, ಹೊಸಂಗಡಿಯಲ್ಲಿ ನೆಲದೊಳಗಿನ ಕರೆಂಟ್ ಕಾರ್ಖಾನೆ ಅಂತ ಅವರೇ ಬೆರಳಿಟ್ಟು ತೋರಿಸಿದರು. ಇಷ್ಟು ವರ್ಷ ನಾನು ಕೇಳಿರಲೇ ಇಲ್ಲ. ಈ ವಾರ ಕೃಷ್ಣಾ ಬಿಡಿಸುತ್ತೇನೆ. ಫೋಟೋ ಹಾಕುತ್ತೇನೆ ಅಣ್ಣಾ, ಭೀಮಾ ಸೇರುವ ಜಾಗ ತಪ್ಪಾಗಿದ್ದರೆ ತಿದ್ದಿ.