ಅಕ್ಕನ ಮಗ ಅಮೆರಿಕ ವಾಯುಪಡೆಯಲ್ಲಿ ಡ್ರೋನ್ ಪೈಲಟ್ ಆಗ್ತಿದ್ದಾನೆ. ದಿನಾ ಕೆಲಸ ಹೇಗಿರುತ್ತೆ, ಬಲ್ಲವರು ಹೇಳಿ

ಸೋದರಮಾವ ಕೇಳಿದ್ದು:

ನಮ್ಮ ಅಕ್ಕನ ಮಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು. ಕಾಲೇಜಿನ ಜೊತೆಗೇ ಆರ್‌ಓಟಿಸಿ, ಅಂದರೆ ಸೇನಾಧಿಕಾರಿ ಆಗೋರ ತರಬೇತಿ, ಮುಗಿಸಿದ. ಚಿಕ್ಕಂದಿನಿಂದ ಫೈಟರ್ ಹಾರಿಸಬೇಕು ಅಂತ ಒಂದೇ ಹಟ. ಯಾರಿಗೆ ಯಾವ ಕೆಲಸ ಅನ್ನೋ ಪಟ್ಟಿ ಬಂದಾಗ ಅವನ ಹೆಸರಿನ ಎದುರು 18ಎಕ್ಸ್ ಅಂತ ಇತ್ತು. ಅಂದರೆ ಡ್ರೋನ್ ಪೈಲಟ್. (ಡ್ರೋನ್ ಅನ್ನಬೇಡ ಮಾವ, ಆರ್‌ಪಿಎ ಅನ್ನು, ದೂರದಿಂದ ಪೈಲಟ್ ಹಾರಿಸೋ ವಿಮಾನ, ಅಂತ ಈಗಾಗಲೇ ಎರಡು ಸಲ ತಿದ್ದಿದ್ದಾನೆ.) ಎರಡು ದಿನ ರೂಮು ಬಿಟ್ಟು ಆಚೆ ಬರಲಿಲ್ಲ.

ಅಕ್ಕನಿಗಂತೂ ಹಬ್ಬ. "ಮಗ ನೆಲದ ಮೇಲೇ ಇರ್ತಾನಲ್ಲ, ಅಷ್ಟು ಸಾಕು" ಅಂತಾಳೆ. ಭಾವ "ವಿಡಿಯೊ ಗೇಮ್ ಆಡೋಕೆ ಸರ್ಕಾರ ಸಂಬಳ ಕೊಡುತ್ತಂತೆ" ಅಂತ ಎಲ್ಲರ ಮುಂದೆ ನಗ್ತಾರೆ. ಹುಡುಗ ಮಾತ್ರ ನಗಲ್ಲ. ತರಬೇತಿ ಮುಗಿದ ಮೇಲೆ ಆರು ವರ್ಷ ಬಿಡೋ ಹಾಗಿಲ್ಲವಂತೆ. ವಿಮಾನದ ಪೈಲಟ್‌ಗಳಿಗೆ ಹತ್ತು ವರ್ಷವಂತೆ. ಆರು ವರ್ಷ ಕಡಿಮೆಯೇನಲ್ಲ.

ಈ ಕೆಲಸ ಮಾಡಿದವರು ಅಥವಾ ಹತ್ತಿರದಿಂದ ನೋಡಿದವರು ಯಾರಾದರೂ ಇದ್ದೀರಾ? ನಿಜವಾಗಿ ದಿನ ಹೇಗೆ ಹೋಗುತ್ತೆ? ಇಂಟರ್‌ನೆಟ್‌ನಲ್ಲಿ ಓದಿದರೆ ಒಂದೋ ಹೀರೊಗಳು, ಇಲ್ಲವೇ ರಾಕ್ಷಸರು. ನಡುವಿನದು ಏನೂ ಸಿಗ್ತಿಲ್ಲ.

ಬಲಗಡೆ ಸೀಟು ಉತ್ತರ:

ಸರ್, ನಾನು ಐದು ವರ್ಷ ರೀಪರ್ ಅನ್ನೋ ಡ್ರೋನ್‌ನಲ್ಲಿ ಸೆನ್ಸರ್ ಆಪರೇಟರ್ ಆಗಿದ್ದೆ. ಈಗ ಬಿಟ್ಟಿದ್ದೇನೆ. ಪೈಲಟ್ ಅಲ್ಲ, ಪೈಲಟ್‌ನ ಬಲಕ್ಕೆ ಕೈ ಚಾಚಿದರೆ ಸಿಗೋ ದೂರದಲ್ಲಿ ಕೂತು ಕ್ಯಾಮೆರಾ, ಲೇಸರ್ ನೋಡಿಕೊಳ್ಳೋನು. ಅವರು ಆಫೀಸರ್, ನಾವು ಎನ್‌ಲಿಸ್ಟೆಡ್, ಅಂದರೆ ಅವರ ಕೆಳಗಿನ ದರ್ಜೆ. ಯಾವ ಬೇಸು, ಯಾವ ಸ್ಕ್ವಾಡ್ರನ್ ಅಂತ ಕೇಳಬೇಡಿ. ಎಲ್ಲಿ ಏನು ನೋಡಿದೆ ಅಂತಾನೂ ಹೇಳೋ ಹಾಗಿಲ್ಲ. ದಿನ ಹೇಗಿರುತ್ತೆ ಅನ್ನೋದರಲ್ಲಿ ಗುಟ್ಟೇನಿಲ್ಲ.

ನಿಮ್ಮ ಭಾವನವರಿಗೆ ಹೇಳಿ, ಗೇಮ್‌ನಲ್ಲಿ ಏನಾದರೂ ಆಗ್ತಾ ಇರುತ್ತೆ. ನಮ್ಮಲ್ಲಿ ಏನೂ ಆಗಲ್ಲ. ಏನೂ ಆಗದೇ ಇರೋದನ್ನ ಕಣ್ಣು ಮಿಟುಕಿಸದೆ ನೋಡೋದೇ ಕೆಲಸ.

ಕೂರೋ ಜಾಗ ಹಡಗಿನ ಕಂಟೇನರ್ ಥರದ್ದು. ಕಿಟಕಿ ಇಲ್ಲ. ಕಂಪ್ಯೂಟರ್‌ಗಳು ಬಿಸಿಯಾಗಬಾರದು ಅಂತ ಏಸಿ ಯಾವ ಮಟ್ಟಕ್ಕೆ ಇಟ್ಟಿರ್ತಾರೆ ಅಂದರೆ, ಹೊರಗೆ ಮರುಭೂಮಿಯ ಜುಲೈ, ಒಳಗೆ ನಾವು ಜಾಕೆಟ್ ಹಾಕಿಕೊಂಡು ಕೈ ಉಜ್ಜಿಕೊಳ್ತಾ ಕೂತಿರ್ತಿದ್ದೆವು. ಫೋನು ಹೊರಗೆ ಲಾಕರ್‌ನಲ್ಲಿ. ನೀವು ಹೋಗಿ ಕೂರುವಾಗ ವಿಮಾನ ಆಗಲೇ ಆಕಾಶದಲ್ಲಿರುತ್ತೆ. ಹಿಂದಿನ ಶಿಫ್ಟಿನವನು ಎದ್ದ ಕುರ್ಚಿ ಇನ್ನೂ ಬೆಚ್ಚಗಿರುತ್ತೆ. ನೀವು ಎದ್ದು ಹೋಗುವಾಗಲೂ ಅದು ಆಕಾಶದಲ್ಲೇ ಇರುತ್ತೆ. ರೀಪರ್ ಒಮ್ಮೆ ಏರಿದರೆ 20 ಗಂಟೆಗೂ ಹೆಚ್ಚು ಹಾರಬಲ್ಲದು, ಕೂರೋರು ಮಾತ್ರ ಬದಲಾಗ್ತಿರ್ತಾರೆ.

ನನ್ನ ಕಾಲದಲ್ಲಿ ಟೇಕಾಫು, ಲ್ಯಾಂಡಿಂಗು ಮಾಡ್ತಿದ್ದದ್ದು ಬೇರೆಯವರು, ವಿಮಾನ ಇರೋ ಕಡೆಯೇ ಇರೋ ಸಣ್ಣ ತಂಡ. ಯಾಕೆಂದರೆ ನಮ್ಮ ಸಿಗ್ನಲ್ ಅಮೆರಿಕದಿಂದ ಸಮುದ್ರದಡಿಯ ಕೇಬಲ್‌ನಲ್ಲಿ ಜರ್ಮನಿಯ ರಾಮ್‌ಸ್ಟೈನ್ ವಾಯುನೆಲೆಗೆ ಹೋಗಿ, ಅಲ್ಲಿಂದ ಉಪಗ್ರಹಕ್ಕೆ, ಅಲ್ಲಿಂದ ವಿಮಾನಕ್ಕೆ. ಹಾರಿಸೋ ಕೋಲು ಎಳೆದಿದ್ದು ಪರದೆಯಲ್ಲಿ ಕಾಣೋಕೆ ಹೆಚ್ಚುಕಡಿಮೆ ಎರಡು ಸೆಕೆಂಡ್. ಆ ಎರಡು ಸೆಕೆಂಡ್ ಇಟ್ಕೊಂಡು ರನ್‌ವೇ ಮೇಲೆ ಇಳಿಸೋಕೆ ಹೋದರೆ ಇಳಿಯೋದು ವಿಮಾನವಲ್ಲ, ಅದರ ಚೂರು. ಹಾಗಾಗಿ ಒಬ್ಬ ಪೈಲಟ್ ವರ್ಷಗಟ್ಟಲೆ ಹಾರಿಸಿಯೂ ಒಂದು ಸಲ ಕೂಡ ತಾನೇ ಇಳಿಸಿರ್ತಿರಲಿಲ್ಲ. ನಿಮ್ಮ ಹುಡುಗ ಹಾರಿಸೋದು ಅನ್ನೋ ಮಾತಿಗೆ ಏನು ಅರ್ಥ ಇಟ್ಕೊಂಡಿದ್ದಾನೋ ಗೊತ್ತಿಲ್ಲ, ಇದನ್ನು ಮೊದಲೇ ಹೇಳಿಬಿಡಿ. ಇಷ್ಟು ಎತ್ತರ, ಈ ದಿಕ್ಕು ಅಂತ ಟೈಪ್ ಮಾಡಿ ಸುತ್ತು ಹಾಕಿಸೋದೇ ಹೆಚ್ಚು. ಎಫ್-16 ಫೈಟರ್ ಬಿಟ್ಟು ಬಂದ ಮೇಜರ್ ಒಬ್ಬರು ನಮ್ಮಲ್ಲಿದ್ದರು. ಪರದೆಯಲ್ಲಿ ವಿಮಾನ ವಾಲಿದಾಗಲೆಲ್ಲ ಕುರ್ಚಿಯಲ್ಲಿ ಇವರೂ ಒಂದಿಷ್ಟು ವಾಲೋರು. ಮೊದಲು ನಗು ಬರ್ತಿತ್ತು, ಆಮೇಲೆ ಬರಲಿಲ್ಲ.

ಇನ್ನೊಂದು, ಲಿಂಕ್ ಹೋಗೋದು. ಉಪಗ್ರಹದ ಸಂಪರ್ಕ ತಪ್ಪಿದರೆ ವಿಮಾನ ಮೊದಲೇ ಬರೆದಿಟ್ಟ ದಾರಿ ಹಿಡಿದು ತಾನೇ ಹೋಗುತ್ತೆ. ನಾವಿಬ್ಬರೂ ನಿಂತುಹೋದ ಚಿತ್ರ ನೋಡ್ತಾ ಕೂತಿರ್ತೀವಿ. ಬಸ್ಸು ತಪ್ಪಿಸಿಕೊಂಡವರ ಹಾಗೆ.

ಯಂತ್ರದ ವಿನ್ಯಾಸದ ಬಗ್ಗೆ ಬೈಯೋಕೆ ಶುರು ಮಾಡಿದರೆ ಬೆಳಗಾಗುತ್ತೆ. ಒಂದೇ ಉದಾಹರಣೆ: 2006ರ ಏಪ್ರಿಲ್‌ನಲ್ಲಿ ಅರಿಜೋನಾದ ನೊಗಾಲೆಸ್ ಹತ್ತಿರ ಅಮೆರಿಕದ ಗಡಿ ಕಾವಲಿನ ಪ್ರೆಡೇಟರ್-ಬಿ ಅನ್ನೋ ಡ್ರೋನ್ ಬಿತ್ತು. ಎರಡೂ ಸೀಟಿನ ಮುಂದೆ ಒಂದೇ ಥರದ ಲಿವರ್. ಕ್ಯಾಮೆರಾ ಸೀಟಿನಲ್ಲಿ ಅದು ಲೆನ್ಸಿಗೆ ಬೆಳಕು ಎಷ್ಟು ಬಿಡಬೇಕು ಅನ್ನೋದಕ್ಕೆ, ಪೈಲಟ್ ಸೀಟಿನಲ್ಲಿ ಎಂಜಿನ್ನಿಗೆ. ಪೈಲಟ್‌ನ ಕಡೆಯ ಕಂಪ್ಯೂಟರ್ ಕೈಕೊಟ್ಟಿತು, ಅವರು ಪಕ್ಕದ ಸೀಟಿಗೆ ನಿಯಂತ್ರಣ ಬದಲಿಸಿದರು, ಲಿವರ್ ಎಲ್ಲಿದೆ ಅಂತ ನೋಡಲಿಲ್ಲ. ಅದು ಇಂಧನ ನಿಲ್ಲಿಸೋ ಜಾಗದಲ್ಲಿತ್ತು. ಎಂಜಿನ್ ಆಫ್. ನೆಲದ ಮೇಲೆ ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ಈಗ ನೋಡೋ ಕೆಲಸ. ಊರು, ದೇಶ ಹೇಳಲ್ಲ. ಒಂದು ಮನೆಯನ್ನ 19 ದಿನ ನೋಡಿದೆವು. ಅಲ್ಲಿ ಬೆಳಗಾದರೆ ನನಗೆ ಸರಿರಾತ್ರಿ. ಮುದುಕನೊಬ್ಬ ಚಾವಣಿ ಮೇಲೆ ಮಲಗ್ತಿದ್ದ. ಎದ್ದು ಹಾಸಿಗೆ ಸುತ್ತಿಟ್ಟು ಕೆಳಗಿಳಿದ ಮೇಲೂ ಇನ್‌ಫ್ರಾರೆಡ್‌ನಲ್ಲಿ ಅವನು ಮಲಗಿದ್ದ ಜಾಗ ಸ್ವಲ್ಪ ಹೊತ್ತು ಬೆಳ್ಳಗೆ ಕಾಣ್ತಿತ್ತು, ಮೈಯ ಕಾವು. ಆ ಮನೆಯ ನಾಯಿ ಯಾವ ಗಂಟೆಗೆ ಯಾವ ಗೋಡೆಯ ನೆರಳಿಗೆ ಹೋಗುತ್ತೆ ಅಂತ ನನಗೆ ಗೊತ್ತಿತ್ತು. ಅದೇ ತಿಂಗಳು ನಮ್ಮ ಮನೆ ಹಿಂದಿನ ಬೇಲಿ ಗಾಳಿಗೆ ಬಿದ್ದಿತ್ತು, ಎರಡು ವಾರ ನಾನು ನೋಡಿಯೇ ಇರಲಿಲ್ಲ. 19ನೇ ದಿನ ಚಾಟ್‌ನಲ್ಲಿ ಒಂದು ಸಾಲು ಬಂತು, ಬೇರೆ ಕಡೆ ಹೋಗಿ ಅಂತ. ಹೋದೆವು. ಯಾರಿಗಾಗಿ ಕಾಯ್ತಿದ್ದೆವೋ ಅವನು ಬಂದನೋ, ಆ ಮನೆ ಏನಾಯ್ತೋ, ಇವತ್ತಿಗೂ ಗೊತ್ತಿಲ್ಲ.

ನನ್ನ ಕೇಳಿದರೆ ಈ ಕೆಲಸದ ದೊಡ್ಡ ಕಿರಿಕಿರಿ ಇದೇ ಸರ್. ಬೋರ್ ಅಲ್ಲ, ರಾತ್ರಿಪಾಳಿ ಅಲ್ಲ. ಯಾವುದಕ್ಕೂ ಮೊದಲಿಲ್ಲ, ಕೊನೆಯಿಲ್ಲ. ನಡುವಿನಲ್ಲಿ ಹೋಗಿ ಕೂತು ನಡುವಿನಲ್ಲೇ ಎದ್ದು ಬರೋದು.

ಹೊತ್ತಿನ ಲೆಕ್ಕ ಬೇಕಾದರೆ: 2015ರಲ್ಲಿ ವಾಯುಪಡೆಯೇ ಹೇಳಿದ್ದು, ಮಾಮೂಲಿ ಯುದ್ಧವಿಮಾನದ ಪೈಲಟ್ ವರ್ಷಕ್ಕೆ 200ರಿಂದ 300 ಗಂಟೆ ಹಾರಿದರೆ ನಮ್ಮವರು 900ರಿಂದ 1,100. ಜನ ಬಿಟ್ಟು ಹೋಗೋಕೆ ಶುರುವಾದಾಗ ಕಡ್ಡಾಯ ಸೇವೆ ಮುಗಿದ ಪೈಲಟ್‌ಗಳ ಭತ್ಯೆ ತಿಂಗಳಿಗೆ 650 ಡಾಲರ್ ಇದ್ದದ್ದನ್ನ 1,500ಕ್ಕೆ ಏರಿಸಿದರು. ಅದೇ ವರ್ಷ ದಿನಕ್ಕೆ 65 ಇದ್ದ ಗಸ್ತನ್ನ 60ಕ್ಕೆ ಇಳಿಸಿದರು. ಆ ಐದು ಕಡಿಮೆಯಾಗಿದ್ದು ಭತ್ಯೆಗಿಂತ ದೊಡ್ಡ ಉಡುಗೊರೆ ಅಂತ ಹಳಬರು ಹೇಳ್ತಿದ್ದರು. ವಾಯುಪಡೆಯ ವೈದ್ಯರು ಆ ವರ್ಷಗಳಲ್ಲಿ ಈ ಸಿಬ್ಬಂದಿಯನ್ನ ಮಾತಾಡಿಸಿದಾಗಲೂ ಒತ್ತಡಕ್ಕೆ ಕಾರಣ ಅಂತ ಮುಂದೆ ಬಂದಿದ್ದು ಕ್ಷಿಪಣಿಯಲ್ಲ. ಉದ್ದದ ಪಾಳಿ, ಬದಲಾಗ್ತಿರೋ ಪಾಳಿ, ಜನ ಸಾಲದಿರೋದು.

ರಾತ್ರಿಪಾಳಿ ಮನೆಯಾಕೆ ಉತ್ತರ:

ಅಣ್ಣಾ, ನಮ್ಮವರು ಎಡಗಡೆ ಸೀಟು, ಅಂದರೆ ಪೈಲಟ್. ಏಳನೇ ವರ್ಷ. ಮನೆಯವರ ಕಡೆಯಿಂದ ನಾನೊಂದಿಷ್ಟು ಹೇಳ್ತೀನಿ.

ಬೇರೆ ಸೈನಿಕರ ಹೆಂಡತಿಯರ ಗಂಡಂದಿರು ಆರು ತಿಂಗಳು ಹೋಗ್ತಾರೆ, ಬರ್ತಾರೆ. ಬಂದಾಗ ಮಕ್ಕಳು ಬಾವುಟ ಹಿಡಿದು ನಿಂತಿರ್ತಾರೆ, ರಜೆ ಇರುತ್ತೆ, ಸುಧಾರಿಸಿಕೊಳ್ಳೋಕೆ ಹೊತ್ತು ಇರುತ್ತೆ. ನಮ್ಮವರು ದಿನಾ ಹೋಗ್ತಾರೆ, ದಿನಾ ಬರ್ತಾರೆ. ಯುದ್ಧಕ್ಕೂ ನಮ್ಮ ಹೊಸಿಲಿಗೂ ನಡುವೆ ಇರೋದು ಐವತ್ತು ನಿಮಿಷದ ಹೆದ್ದಾರಿ. ಬಂದ ಹತ್ತು ನಿಮಿಷಕ್ಕೆ ಮಗಳ ಲೆಕ್ಕದ ಪುಸ್ತಕ ಅವರ ಮುಂದೆ. ನಾನೇ ಒಂದು ನಿಯಮ ಮಾಡಿದೆ: ಕಾರು ನಿಲ್ಲಿಸಿದ ಮೇಲೆ ಅವರಾಗಿ ಇಳಿಯೋವರೆಗೂ ಯಾರೂ ಹೋಗಿ ಬಾಗಿಲು ತಟ್ಟಬಾರದು. ಕೆಲವು ದಿನ ಎರಡು ನಿಮಿಷ. ಒಂದು ದಿನ ನಲವತ್ತು ನಿಮಿಷ ಕೂತಿದ್ದರು. ಯಾಕೆ ಅಂತ ಕೇಳಲಿಲ್ಲ. ಕೇಳಿದರೂ ಹೇಳೋ ಹಾಗಿಲ್ಲವಲ್ಲ.

ಅಕ್ಕ ನೆಲದ ಮೇಲೇ ಇರ್ತಾನೆ ಅಂತ ಖುಷಿಪಡೋದು ತಪ್ಪಲ್ಲ, ನಾನೂ ಪಟ್ಟಿದ್ದೆ. ಆದರೆ ಹತ್ತಿರ ಇದ್ದಾನೆ ಅಂದರೆ ಸಿಗ್ತಾನೆ ಅಂತ ಅಂದುಕೋಬೇಡಿ. ಮಗನಿಗೆ ಜ್ವರ 104 ಏರಿದಾಗ ನಾನು ಮಾಡಿದ ಒಂಬತ್ತು ಕರೆ ಲಾಕರ್‌ನಲ್ಲಿ ಕೂಗಿ ಕೂಗಿ ಸುಮ್ಮನಾದವು. ಸ್ಕ್ವಾಡ್ರನ್ ಡೆಸ್ಕ್‌ನ ಲ್ಯಾಂಡ್‌ಲೈನ್ ನಂಬರು ಒಂದು ಇರುತ್ತೆ, ಆಗ ನನಗೆ ಗೊತ್ತಿರಲಿಲ್ಲ. ಈಗ ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಒಳ್ಳೇದೂ ಹೇಳಬೇಕು. ಈಗ ಯೂನಿಟ್‌ಗಳಲ್ಲೇ ಮನೋವೈದ್ಯರು, ಪಾದ್ರಿಗಳು ಇರ್ತಾರೆ, ಅವರಿಗೂ ಗುಟ್ಟಿನ ವಿಷಯ ಕೇಳೋ ಅನುಮತಿ ಇರುತ್ತೆ. ಇವರು ಮೊದಲು "ನನಗೇನಾಗಿದೆ" ಅಂತಿದ್ದರು. ಹೋದರು. ಅಷ್ಟು ಸಾಕು, ಉಳಿದದ್ದು ಅವರ ವಿಷಯ.

ನೇರಮಾತು ಉತ್ತರ:

ಎಲ್ಲಾ ಓದಿದೆ. ಏಸಿ ಜಾಸ್ತಿ, ನಿದ್ದೆ ಕಡಿಮೆ, ಬೇಲಿ ಬಿತ್ತು. ಒಪ್ಪಿದೆ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಒಂದು ಬಿಳಿ ಕಾರನ್ನ ಡ್ರೋನ್‌ನಿಂದ ಇಡೀ ದಿನ ಹಿಂಬಾಲಿಸಿ ಹೊಡೆದರು. ಸತ್ತ ಹತ್ತು ಜನರಲ್ಲಿ ಏಳು ಮಕ್ಕಳು. ಕಾರು ಓಡಿಸ್ತಿದ್ದವರು ಅಮೆರಿಕದ್ದೇ ಒಂದು ನೆರವು ಸಂಸ್ಥೆಯ ನೌಕರ. ಸ್ಫೋಟಕ ಅಂದುಕೊಂಡ ಡಬ್ಬಿಗಳಲ್ಲಿ ಇದ್ದದ್ದು ನೀರು. ತಪ್ಪಾಯ್ತು ಅಂದರು, ಯಾರಿಗೂ ಶಿಕ್ಷೆ ಆಗಲಿಲ್ಲ. ಗಂಟೆಗಟ್ಟಲೆ ನೋಡಿದ್ದೀವಿ ಅಂತೀರಲ್ಲ, ನೋಡಿ ಏನು ಕಂಡಿರಿ? ಆ ಹುಡುಗ ತಿಳಿದುಕೊಳ್ಳಬೇಕಾದ ಮೊದಲ ವಿಷಯ ಇದಲ್ಲವಾ?

ಬಲಗಡೆ ಸೀಟು ಉತ್ತರ:

ಹೌದು, ಇದೇ. ನಾನು ಅದನ್ನ ಬಿಟ್ಟೆ, ನೀವು ಹಿಡಿದಿರಿ.

ಕ್ಯಾಮೆರಾ ಹತ್ತಿರಕ್ಕೆ ಎಳೆದಷ್ಟೂ ಸುತ್ತಲಿನದು ಕಾಣಲ್ಲ. ಅದನ್ನ ನಾವು ಸೋಡಾ ಸ್ಟ್ರಾದಲ್ಲಿ ನೋಡೋದು ಅಂತಿದ್ದೆವು. ಅದು ಅರ್ಧ ಕಾರಣ. ಇನ್ನರ್ಧ ಹೇಳೋಕೆ ಮುಜುಗರ. ಎಂಟು ಗಂಟೆ ಒಂದೇ ಕಾರು ನೋಡಿದ ಮೇಲೆ ಅದರಲ್ಲಿ ಏನೋ ಇರಲೇಬೇಕು ಅಂತ ಮನಸ್ಸು ಹಟ ಹಿಡಿಯುತ್ತೆ. 2010ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ಉರುಜ್‌ಗಾನ್‌ನಲ್ಲಿ ಮೂರು ವಾಹನಗಳ ಮೇಲೆ ಹೆಲಿಕಾಪ್ಟರ್‌ಗಳು ಹೊಡೆದವು. ನೆವಾಡದ ಕ್ರೀಚ್ ವಾಯುನೆಲೆಯಲ್ಲಿ ಕೂತಿದ್ದ ಪ್ರೆಡೇಟರ್ ಡ್ರೋನ್ ತಂಡ ಕೊಟ್ಟ ವರ್ಣನೆಯೇ ಅದಕ್ಕೆ ದೊಡ್ಡ ಆಧಾರ. ಊರಿನವರ ಲೆಕ್ಕದಲ್ಲಿ ಸತ್ತ ಸಾಮಾನ್ಯ ಜನ 23. ಅವತ್ತು ಆ ತಂಡ ಆಡಿದ ಮಾತಿನ ಲಿಖಿತ ಪ್ರತಿ ಆಮೇಲೆ ಹೊರಗೆ ಬಂತು. ಫ್ಲಾರಿಡಾದಲ್ಲಿ ಅದೇ ವಿಡಿಯೊ ನೋಡ್ತಿದ್ದವರು ಮಕ್ಕಳಿದ್ದಾರೆ ಅಂತಾರೆ, ಈ ಕಡೆಯವರಿಗೆ ಅದು ಬೇಡವಾಗಿದೆ. ಹುಡುಗನಿಗೆ ಅದನ್ನ ಓದಿಸಿ ಸರ್, ಅವನು ಸಿಮ್ಯುಲೇಟರ್ ಮುಂದೆ ಕೂರೋ ಮೊದಲೇ. ಅಲ್ಲಿ ಮಾತಾಡ್ತಿರೋರು ರಾಕ್ಷಸರಲ್ಲ. ನಮ್ಮ ಹಾಗೇ ಮಾತಾಡ್ತಾರೆ, ಅದೇ ಹೆದರಿಕೆ.

ಹೊಡೆಯೋದು ನನ್ನ ಐದು ವರ್ಷದಲ್ಲಿ ಬೆರಳೆಣಿಕೆ. ಗುಂಡಿ ಒತ್ತೋದು ಪೈಲಟ್. ಕ್ಷಿಪಣಿ ಹೋಗಿ ತಲುಪೋವರೆಗೂ, ಅಂದಾಜು ಅರ್ಧ ನಿಮಿಷ, ಅದಕ್ಕೆ ಗುರಿ ತೋರಿಸೋ ಲೇಸರ್ ಹಿಡಿದಿರೋದು ನನ್ನ ಕೈ. ಆ ಹೊತ್ತಿನಲ್ಲಿ ಯಾರಾದರೂ ಚೌಕಟ್ಟಿನೊಳಗೆ ನಡೆದು ಬಂದರೆ ಲೇಸರನ್ನ ಬಯಲಿಗೆ ಎಳೆದುಬಿಡಬಹುದು, ಹೊತ್ತಿದ್ದರೆ. ಒಮ್ಮೆ ಎಳೆದಿದ್ದೇನೆ. ಹೊಡೆದ ಮೇಲೆ ಫೈಟರ್ ಅಲ್ಲಿಂದ ಹೊರಟುಹೋಗಿರುತ್ತೆ. ನಾವು ಅಲ್ಲೇ ಇರ್ತೀವಿ. ಎಷ್ಟು ಜನ ಅಂತ ಎಣಿಸಬೇಕು, ಯಾರು ಬಂದು ಎತ್ತಿಕೊಂಡು ಹೋಗ್ತಾರೆ ಅಂತ ನೋಡಬೇಕು. ಇನ್‌ಫ್ರಾರೆಡ್ ಬಗ್ಗೆ ಮೇಲೆ ಬರೆದಿದ್ದೇನೆ. ಕಾವು ಆರೋದೂ ಅದರಲ್ಲಿ ಕಾಣುತ್ತೆ.

ಪದಕದ ಗಲಾಟೆ ನೆನಪಿರಬಹುದು. 2013ರ ಫೆಬ್ರವರಿಯಲ್ಲಿ ಡ್ರೋನ್, ಸೈಬರ್‌ನವರಿಗೆ ಅಂತ ಒಂದು ಪದಕ ಘೋಷಿಸಿದರು, ರಣರಂಗದಲ್ಲಿದ್ದವರಿಗೆ ಕೊಡೋ ಬ್ರಾಂಜ್ ಸ್ಟಾರ್ ಪದಕಕ್ಕಿಂತ ಮೇಲೆ ಇಟ್ಟರು. ರಣರಂಗ ಕಂಡವರು ಎದ್ದು ನಿಂತರು, ಏಪ್ರಿಲ್‌ಗೆ ರದ್ದು. 2016ರಲ್ಲಿ ಪದಕದ ಮೇಲೆ ಅಂಟಿಸೋಕೆ ಪುಟ್ಟದೊಂದು ಆರ್ ಅಕ್ಷರ ಕೊಟ್ಟರು. ರಿಮೋಟ್ ಅಂತ. ನನಗೆ ಅದೂ ಬೇಡ ಅನಿಸಿತ್ತು, ಅದು ನನ್ನ ಅಭಿಪ್ರಾಯ. ನಮ್ಮ ಮೇಜರ್‌ಗೆ ಬೇಕಿತ್ತು.

ಸೋದರಮಾವ ಉತ್ತರ:

ಎಲ್ಲರಿಗೂ ಉಪಕಾರವಾಯ್ತು. ನೇರಮಾತು ಅವರಿಗೂ. ನಿನ್ನೆ ರಾತ್ರಿ ಹುಡುಗನಿಗೆ ಫೋನ್‌ನಲ್ಲಿ ಪೂರ್ತಿ ಓದಿ ಹೇಳಿದೆ. ಎಫ್-16ರವರು ಕುರ್ಚಿಯಲ್ಲಿ ವಾಲೋ ಕಡೆ "ಇನ್ನೊಂದು ಸಲ ಓದು ಮಾವ" ಅಂದ. ಉರುಜ್‌ಗಾನ್ ಪ್ರತಿ ತಾನೇ ಹುಡುಕಿಕೊಂಡು ರಾತ್ರಿಯೇ ಓದಿದನಂತೆ, ಬೆಳಿಗ್ಗೆ ಬರೀ "ಓದಿದೆ" ಅಂತ ಮೆಸೇಜ್ ಇತ್ತು. ಮುಂದಿನ ತಿಂಗಳು ಕೊಲರಾಡೊದ ಪ್ಯೂಬ್ಲೊಗೆ ಹೊರಡ್ತಾನೆ. ಅಲ್ಲಿ ಮೊದಲು ನಿಜವಾದ ಪುಟ್ಟ ವಿಮಾನ ಹಾರಿಸೋಕೆ ಕೊಡ್ತಾರಂತೆ, ಅದಕ್ಕೆ ಕಾಯ್ತಿದ್ದಾನೆ.

ಅಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಉಳಿದದ್ದಕ್ಕೆ ಏನೂ ಅನ್ನಲಿಲ್ಲ. ಆ ಡಬ್ಬಿಯೊಳಗೆ ಅಷ್ಟು ಚಳಿ ಇರುತ್ತಾ, ಸ್ವೆಟರ್ ಹಾಕಿಕೊಳ್ಳೋಕೆ ಬಿಡ್ತಾರಾ ಅಂತ ಕೇಳಿ ಅಂದಳು.

ಬಲಗಡೆ ಸೀಟು ಉತ್ತರ:

ಸ್ವೆಟರ್ ಬೇಡಮ್ಮ, ಜಾಕೆಟ್ ಅವರೇ ಕೊಡ್ತಾರೆ. ಕಾಲುಚೀಲ ಕಳಿಸಿ, ದಪ್ಪಂದು. ಚಳಿ ಮೊದಲು ಹತ್ತೋದು ಪಾದಕ್ಕೆ.